ಡೆಸ್ಕ್‌ಟಾಪ್ ಗಣಕದ ಸಂಗ್ರಹ ಸಾಧನ: ಹೈಬ್ರಿಡ್ ಡ್ರೈವ್ ಮತ್ತು ಎಸ್‌ಎಸ್‌ಡಿ

ಹೈಬ್ರಿಡ್ ಡ್ರೈವ್ ಎಂಬುದು ತಿರುಗುವ ಕಾಂತೀಯ ತಟ್ಟೆಗಳುಳ್ಳ ಹಾರ್ಡ್ ಡಿಸ್ಕನ್ನೂ ಅಲ್ಪ ಪ್ರಮಾಣದ ಫ್ಲ್ಯಾಶ್ ಮೆಮೊರಿಯನ್ನೂ ಒಂದೇ ಕವಚದೊಳಗೆ ಸೇರಿಸಿ ತಯಾರಿಸಿದ ಗಣಕಯಂತ್ರದ ಸಂಗ್ರಹ ಸಾಧನ. ಮಾರುಕಟ್ಟೆಯಲ್ಲಿ ಇದು ಎಸ್‌ಎಸ್‌ಎಚ್‌ಡಿ ಎಂಬ ಹೆಸರಿನಿಂದ ಪರಿಚಿತವಾಗಿದೆ. ಸಾಲಿಡ್ ಸ್ಟೇಟ್ ಡ್ರೈವ್ ಅಥವಾ ಎಸ್‌ಎಸ್‌ಡಿ ಎಂಬುದು ಸಂಪೂರ್ಣವಾಗಿ ಫ್ಲ್ಯಾಶ್ ಮೆಮೊರಿಯನ್ನೇ ಆಧರಿಸಿದ, ಚಲಿಸುವ ಭಾಗಗಳಿಲ್ಲದ ಸಾಧನ. ಇವೆರಡೂ ಹಾರ್ಡ್ ಡಿಸ್ಕಿನ ನಿಧಾನಗತಿಗೆ ಪರಿಹಾರವಾಗಿ ಬಂದವು. ಆದರೆ ಅವು ಹುಟ್ಟಿಕೊಂಡ ಸಂದರ್ಭಗಳು ಬೇರೆ. ಹೈಬ್ರಿಡ್ ಡ್ರೈವ್ ಮುಖ್ಯವಾಗಿ ಒಂದೇ ಡಿಸ್ಕಿಗೆ ಸ್ಥಳವಿರುವ ಲ್ಯಾಪ್‌ಟಾಪ್‌ನ ಇಕ್ಕಟ್ಟಿಗೆ ಕಂಡುಕೊಂಡ ಉಪಾಯ. ಡೆಸ್ಕ್‌ಟಾಪ್‌ಗೆ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಯನ್ನು ಬಿಡಿಸಲು ಈ ವ್ಯತ್ಯಾಸವನ್ನು ಗಮನದಲ್ಲಿಡುವುದು ಅಗತ್ಯ.

ಹಿನ್ನೆಲೆ

ಮೊದಲ ವಾಣಿಜ್ಯ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದಿತು. 24 ಇಂಚು ವ್ಯಾಸದ 50 ತಟ್ಟೆಗಳಿದ್ದ ಆ ಯಂತ್ರದಲ್ಲಿ ಸುಮಾರು 50 ಲಕ್ಷ ಅಕ್ಷರಗಳನ್ನು ಸಂಗ್ರಹಿಸಬಹುದಾಗಿತ್ತು. ಇಂದು ಮೊಬೈಲ್ ದೂರವಾಣಿಯಲ್ಲಿ ತೆಗೆದ ಒಂದೆರಡು ಛಾಯಾಚಿತ್ರಗಳಿಗೆ ಅಷ್ಟು ಜಾಗ ಸಾಲಬಹುದು. ಮುಂದಿನ ದಶಕಗಳಲ್ಲಿ ಹಾರ್ಡ್ ಡಿಸ್ಕಿನ ಗಾತ್ರ ಕುಗ್ಗಿ ಸಾಮರ್ಥ್ಯ ಬೆಳೆಯಿತಾದರೂ ಮೂಲತತ್ತ್ವ ಬದಲಾಗಲಿಲ್ಲ. ತಟ್ಟೆ ತಿರುಗಬೇಕು, ಓದುವ ತಲೆಯು ಸರಿಯಾದ ಪಥಕ್ಕೆ ಸರಿಯಬೇಕು, ಬೇಕಾದ ಭಾಗವು ಅದರ ಕೆಳಗೆ ಬರುವವರೆಗೆ ಕಾಯಬೇಕು.

ಫ್ಲ್ಯಾಶ್ ಮೆಮೊರಿಯು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ ಅವರ ಕೊಡುಗೆ. ಇಂದಿನ ಎಸ್‌ಎಸ್‌ಡಿಗಳಿಗೆ ಆಧಾರವಾಗಿರುವ ನ್ಯಾಂಡ್ ಮಾದರಿಯನ್ನು 1987ರಲ್ಲಿ ಪ್ರಕಟಿಸಲಾಯಿತು. ಇದರಲ್ಲಿ ದತ್ತಾಂಶವು ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದ ರೂಪದಲ್ಲಿರುತ್ತದೆ. ವಿದ್ಯುತ್ ಸರಬರಾಜು ನಿಂತರೂ ಅದು ಅಳಿಸಿಹೋಗುವುದಿಲ್ಲ. ಆದರೆ ಬಹುಕಾಲ ಇದರ ಬೆಲೆ ಸಾಮಾನ್ಯ ಬಳಕೆದಾರರ ಕೈಗೆಟುಕುವಂತಿರಲಿಲ್ಲ. ಫ್ಲ್ಯಾಶ್ ದುಬಾರಿ, ಹಾರ್ಡ್ ಡಿಸ್ಕ್ ನಿಧಾನ ಎಂಬ ಈ ಸ್ಥಿತಿಯಲ್ಲಿ, ಎರಡನ್ನೂ ಬೆರೆಸುವ ಆಲೋಚನೆ ಮೂಡಿದ್ದು ಸಹಜವೇ ಆಗಿತ್ತು.

2007ರಲ್ಲಿ ಸೀಗೇಟ್ ಮತ್ತು ಸ್ಯಾಮ್‌ಸಂಗ್ ಸಂಸ್ಥೆಗಳು ಲ್ಯಾಪ್‌ಟಾಪ್‌ಗಳಿಗಾಗಿ ಮೊದಲ ಹೈಬ್ರಿಡ್ ಡ್ರೈವ್‌ಗಳನ್ನು ತಂದವು. ಅವು ತಮ್ಮ ಫ್ಲ್ಯಾಶ್ ಭಾಗವನ್ನು ಬಳಸಲು ವಿಂಡೋಸ್ ವಿಸ್ಟಾದ ನೆರವನ್ನು ಅವಲಂಬಿಸಿದ್ದವು. ಸೀಗೇಟ್‌ನ ಮಾದರಿಯಲ್ಲಿ ಇದ್ದ ಫ್ಲ್ಯಾಶ್ ಕೇವಲ 256 ಮೆಗಾಬೈಟ್. ಈ ಪ್ರಯತ್ನ ಜನಪ್ರಿಯವಾಗಲಿಲ್ಲ. 2010ರಲ್ಲಿ ಬಂದ ಸೀಗೇಟ್ ಮೊಮೆಂಟಸ್ ಎಕ್ಸ್‌ಟಿ 4 ಗಿಗಾಬೈಟ್ ಫ್ಲ್ಯಾಶ್ ಹೊಂದಿತ್ತು, ಮತ್ತು ಯಾವ ಕಾರ್ಯಾಚರಣ ವ್ಯವಸ್ಥೆಯ ಹಂಗೂ ಇಲ್ಲದೆ ತಾನೇ ನಿರ್ಧಾರ ಕೈಗೊಳ್ಳುತ್ತಿತ್ತು. 2013ರಲ್ಲಿ ಅದೇ ಸಂಸ್ಥೆಯು 3.5 ಇಂಚಿನ ಡೆಸ್ಕ್‌ಟಾಪ್ ಮಾದರಿಗಳನ್ನು 1 ಮತ್ತು 2 ಟೆರಾಬೈಟ್ ಸಾಮರ್ಥ್ಯದಲ್ಲಿ, 8 ಗಿಗಾಬೈಟ್ ಫ್ಲ್ಯಾಶ್‌ನೊಂದಿಗೆ ಬಿಡುಗಡೆ ಮಾಡಿತು. ಮುಂದೆ ಇವು ಫೈರ್‌ಕುಡಾ ಎಂಬ ಹೆಸರಿನಲ್ಲಿ ಮಾರಾಟವಾದವು.

ವಿಳಂಬದ ಮೂಲ

ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಬೇಕಾದ ಭಾಗವು ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ತಲೆಯು ಪಥದಿಂದ ಪಥಕ್ಕೆ ಸರಿಯಲು ಇನ್ನೂ 8 ಅಥವಾ 9 ಮಿಲಿಸೆಕೆಂಡು ಬೇಕು. ಹೀಗೆ ಚದುರಿಹೋದ ಒಂದೊಂದು ತುಣುಕಿಗೂ ಸುಮಾರು 12–13 ಮಿಲಿಸೆಕೆಂಡು ತಗಲುವುದರಿಂದ, ಒಂದು ಸೆಕೆಂಡಿನಲ್ಲಿ ಅಂತಹ 80ರಷ್ಟು ತುಣುಕುಗಳನ್ನು ಮಾತ್ರ ಓದಲು ಸಾಧ್ಯ. ಎಸ್‌ಎಸ್‌ಡಿಯಲ್ಲಿ ಈ ಅವಧಿ 0.1 ಮಿಲಿಸೆಕೆಂಡಿನ ಆಸುಪಾಸಿನಲ್ಲಿರುತ್ತದೆ.

ಗಣಕವನ್ನು ಚಾಲನೆ ಮಾಡುವಾಗ ಅಥವಾ ಒಂದು ತಂತ್ರಾಂಶವನ್ನು ತೆರೆಯುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾಗುತ್ತದೆ. ಬಳಕೆದಾರರು ಅನುಭವಿಸುವ ಕಾಯುವಿಕೆಯ ಬಹುಪಾಲು ಇಲ್ಲಿಯೇ ಇದೆ. ಒಂದು ದೊಡ್ಡ ಚಲನಚಿತ್ರದ ಕಡತವನ್ನು ಎಡೆಬಿಡದೆ ಓದುವಾಗ ಹಾರ್ಡ್ ಡಿಸ್ಕ್ ಅಷ್ಟೇನೂ ಹಿಂದೆ ಬೀಳುವುದಿಲ್ಲ: ಅದು ಸೆಕೆಂಡಿಗೆ 150ರಿಂದ 200 ಮೆಗಾಬೈಟ್ ಕೊಟ್ಟರೆ, ಸಾಟಾ ಸಂಪರ್ಕದ ಎಸ್‌ಎಸ್‌ಡಿ ಸುಮಾರು 550 ಮೆಗಾಬೈಟ್ ಕೊಡುತ್ತದೆ, ಮೂರು ಪಟ್ಟಿನ ಅಂತರವಷ್ಟೆ. ಸಣ್ಣ ಕಡತಗಳ ವಿಷಯದಲ್ಲಿಯಾದರೋ ಅಂತರ ನೂರು ಪಟ್ಟನ್ನು ಮೀರುತ್ತದೆ. ಜಾಹೀರಾತುಗಳು ಎದ್ದುಕಾಣುವಂತೆ ಮುದ್ರಿಸುವುದು ಮೊದಲನೆಯ ಬಗೆಯ ಅಂಕಿಯನ್ನು. ದಿನಬಳಕೆಯಲ್ಲಿ ಮುಖ್ಯವಾಗುವುದು ಎರಡನೆಯದು.

ಹೈಬ್ರಿಡ್ ಡ್ರೈವ್‌ನ ಕಾರ್ಯವಿಧಾನ

ಹೈಬ್ರಿಡ್ ಡ್ರೈವ್‌ನಲ್ಲಿ ಎಲ್ಲ ದತ್ತಾಂಶವೂ ತಟ್ಟೆಗಳ ಮೇಲೆಯೇ ಇರುತ್ತದೆ. ಯಾವ ಭಾಗಗಳನ್ನು ಮತ್ತೆ ಮತ್ತೆ ಓದಲಾಗುತ್ತಿದೆ ಎಂಬುದನ್ನು ಡ್ರೈವ್‌ನ ನಿಯಂತ್ರಕವು ಗಮನಿಸಿ, ಅವುಗಳ ಪ್ರತಿಯನ್ನು ಫ್ಲ್ಯಾಶ್‌ನಲ್ಲಿ ಇರಿಸಿಕೊಳ್ಳುತ್ತದೆ. ಮುಂದಿನ ಬಾರಿ ಅದೇ ಭಾಗವನ್ನು ಕೇಳಿದಾಗ ತಟ್ಟೆಯ ಬಳಿಗೆ ಹೋಗದೆ ಫ್ಲ್ಯಾಶ್‌ನಿಂದಲೇ ಒದಗಿಸುತ್ತದೆ. ಕಾರ್ಯಾಚರಣ ವ್ಯವಸ್ಥೆಗೆ ಇದು ಒಂದೇ ಡಿಸ್ಕಿನಂತೆ ಕಾಣುವುದರಿಂದ ಬಳಕೆದಾರರು ಮಾಡಬೇಕಾದುದು ಏನೂ ಇಲ್ಲ.

ಇದನ್ನು ಅಡುಗೆಮನೆಯ ಒಗ್ಗರಣೆ ಡಬ್ಬಿಗೆ ಹೋಲಿಸಬಹುದು. ಸಾಸಿವೆ, ಜೀರಿಗೆ, ಮೆಂತ್ಯ ಒಲೆಯ ಪಕ್ಕದಲ್ಲಿಯೇ ಇರುತ್ತವೆ. ಉಳಿದ ದಿನಸಿಯೆಲ್ಲ ಉಗ್ರಾಣದಲ್ಲಿ. ನಿತ್ಯದ ಸಾರಿಗೆ ಡಬ್ಬಿ ಸಾಕು. ಹಬ್ಬದ ಅಡುಗೆಗೆ ಉಗ್ರಾಣಕ್ಕೆ ನಡೆಯಲೇಬೇಕು, ಅಂಗಡಿಯಿಂದ ತಂದ ಹೊಸ ದಿನಸಿಯೂ ಮೊದಲು ಉಗ್ರಾಣಕ್ಕೇ ಹೋಗುತ್ತದೆ. ಹೈಬ್ರಿಡ್ ಡ್ರೈವ್‌ನ ಶಕ್ತಿಯೂ ಮಿತಿಯೂ ಇಷ್ಟೇ. ಒಂದೇ ಕೆಲಸವನ್ನು ಎರಡು ಮೂರು ಬಾರಿ ಮಾಡಿದ ಮೇಲೆ ಅದು ಚುರುಕಾಗುತ್ತದೆ. ಆದ್ದರಿಂದ ಗಣಕದ ಚಾಲನೆಯ ಅವಧಿ ನಿಜಕ್ಕೂ ಕಡಿಮೆಯಾಗುತ್ತದೆ. ಮೊದಲ ಬಾರಿ ತೆರೆಯುವ ಕಡತ, ಹೊಸದಾಗಿ ಸ್ಥಾಪಿಸುವ ತಂತ್ರಾಂಶ, ದೊಡ್ಡ ಕಡತಗಳ ನಕಲು, ಇವೆಲ್ಲ ಸಾಮಾನ್ಯ ಹಾರ್ಡ್ ಡಿಸ್ಕಿನ ವೇಗದಲ್ಲಿಯೇ ನಡೆಯುತ್ತವೆ.

ಡಬ್ಬಿಯ ಗಾತ್ರವೂ ಗಮನಾರ್ಹ. 2 ಟೆರಾಬೈಟ್ ಡ್ರೈವ್‌ನಲ್ಲಿ 8 ಗಿಗಾಬೈಟ್ ಫ್ಲ್ಯಾಶ್ ಎಂದರೆ 250ರಲ್ಲಿ ಒಂದು ಭಾಗ. ಆ ಕಾಲದಲ್ಲಿ ವ್ಯಾಪಕವಾಗಿದ್ದ ವಿಂಡೋಸ್ 7ರ 64 ಬಿಟ್ ಆವೃತ್ತಿಗೆ 20 ಗಿಗಾಬೈಟ್ ಜಾಗ ಬೇಕೆಂದು ಮೈಕ್ರೋಸಾಫ್ಟ್ ಸೂಚಿಸಿತ್ತು. ವಿಂಡೋಸ್ 11 ಕನಿಷ್ಠ 64 ಗಿಗಾಬೈಟ್ ಕೇಳುತ್ತದೆ. ತಂತ್ರಾಂಶಗಳು ಹಿಗ್ಗಿದಂತೆ ಈ ಪುಟ್ಟ ಫ್ಲ್ಯಾಶ್‌ನ ಪ್ರಯೋಜನ ತೆಳುವಾಗುತ್ತ ಬಂದಿದೆ. ದಿನಕ್ಕೊಂದು ಬಗೆಯ ಕೆಲಸ ಮಾಡುವವರ ಗಣಕದಲ್ಲಿ ಒಂದು ಕೆಲಸದ ಪ್ರತಿಗಳು ಇನ್ನೊಂದರ ಪ್ರತಿಗಳನ್ನು ಹೊರದೂಡುತ್ತಲೇ ಇರುತ್ತವೆ.

ಆಪಲ್ ಸಂಸ್ಥೆಯ ಫ್ಯೂಷನ್ ಡ್ರೈವ್ ಇದಕ್ಕಿಂತ ಭಿನ್ನ. 2012ರಲ್ಲಿ ಐಮ್ಯಾಕ್ ಮತ್ತು ಮ್ಯಾಕ್ ಮಿನಿ ಗಣಕಗಳಿಗೆ ಬಂದ ಇದರಲ್ಲಿ 128 ಗಿಗಾಬೈಟ್‌ನ ಪ್ರತ್ಯೇಕ ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕನ್ನು ತಂತ್ರಾಂಶದ ಮೂಲಕ ಒಂದೇ ಸಂಪುಟವಾಗಿ ಬೆಸೆಯಲಾಗಿತ್ತು. ಇಲ್ಲಿ ದತ್ತಾಂಶವನ್ನು ನಕಲು ಮಾಡುವುದಿಲ್ಲ, ಸ್ಥಳಾಂತರಿಸಲಾಗುತ್ತದೆ. ಫ್ಲ್ಯಾಶ್ ಭಾಗ ದೊಡ್ಡದಿದ್ದುದರಿಂದ ಅನುಭವವೂ ಎಸ್‌ಎಸ್‌ಡಿಗೆ ಹತ್ತಿರವಾಗಿತ್ತು. 2015ರಲ್ಲಿ 1 ಟೆರಾಬೈಟ್ ಮಾದರಿಯ ಫ್ಲ್ಯಾಶನ್ನು 24 ಗಿಗಾಬೈಟ್‌ಗೆ ಇಳಿಸಲಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಹಳೆಯ ಐಮ್ಯಾಕ್ ಕೊಳ್ಳುವವರು ಈ ಅಂಶವನ್ನು ವಿಚಾರಿಸುವುದು ಒಳ್ಳೆಯದು. ಇಂಟೆಲ್ ಸಂಸ್ಥೆಯೂ 2011ರಲ್ಲಿ ಜ಼ೆಡ್68 ಚಿಪ್‌ಸೆಟ್‌ನೊಂದಿಗೆ, ಸಣ್ಣ ಎಸ್‌ಎಸ್‌ಡಿಯೊಂದನ್ನು ಹಾರ್ಡ್ ಡಿಸ್ಕಿನ ಸಹಾಯಕನಾಗಿ ಬಳಸುವ ವ್ಯವಸ್ಥೆಯನ್ನು ಪರಿಚಯಿಸಿತ್ತು.

ಡೆಸ್ಕ್‌ಟಾಪ್‌ನಲ್ಲಿ ಆಯ್ಕೆ

ಹೈಬ್ರಿಡ್ ಡ್ರೈವ್‌ನ ಪರವಾದ ಮುಖ್ಯ ವಾದವೆಂದರೆ, ಒಂದೇ ಸ್ಥಳದಲ್ಲಿ ಹೆಚ್ಚು ಸಾಮರ್ಥ್ಯ ಮತ್ತು ಕೊಂಚ ವೇಗ ಎರಡೂ ದೊರೆಯುತ್ತವೆ ಎಂಬುದು. ಲ್ಯಾಪ್‌ಟಾಪ್‌ನಲ್ಲಿ ಇದು ಬಲವಾದ ವಾದವಾಗಿತ್ತು. ಬಳಕೆದಾರರೇ ಡಿಸ್ಕ್ ಬದಲಾಯಿಸಬಹುದಾಗಿದ್ದ ಪ್ಲೇಸ್ಟೇಷನ್ 4ರಂತಹ ಆಟದ ಯಂತ್ರಗಳಿಗೂ ಇದು ಹೊಂದುತ್ತಿತ್ತು. ಡೆಸ್ಕ್‌ಟಾಪ್‌ನ ಪೆಟ್ಟಿಗೆಯಲ್ಲಿ ಸ್ಥಳದ ಕೊರತೆಯೇ ಇಲ್ಲ. ಸಾಧಾರಣ ಮದರ್‌ಬೋರ್ಡಿನಲ್ಲಿಯೂ ನಾಲ್ಕು ಸಾಟಾ ಸಂಪರ್ಕಗಳಿರುವುದು ಸಾಮಾನ್ಯ, ಇತ್ತೀಚಿನವುಗಳಲ್ಲಿ ಎಂ.2 ಕಿಂಡಿಯೂ ಇರುತ್ತದೆ. ಹೀಗಿರುವಾಗ 250 ಅಥವಾ 500 ಗಿಗಾಬೈಟ್‌ನ ಎಸ್‌ಎಸ್‌ಡಿಯೊಂದರಲ್ಲಿ ಕಾರ್ಯಾಚರಣ ವ್ಯವಸ್ಥೆ ಮತ್ತು ತಂತ್ರಾಂಶಗಳನ್ನು ಇರಿಸಿ, ಛಾಯಾಚಿತ್ರ, ಸಂಗೀತ, ಚಲನಚಿತ್ರಗಳಿಗೆ ಈಗಾಗಲೇ ಇರುವ ಹಾರ್ಡ್ ಡಿಸ್ಕನ್ನು ಮುಂದುವರಿಸಬಹುದು. ಯಾವುದನ್ನು ವೇಗದ ಜಾಗದಲ್ಲಿ ಇಡಬೇಕೆಂಬ ನಿರ್ಧಾರವನ್ನು ಡ್ರೈವ್‌ನ ಊಹೆಗೆ ಬಿಡದೆ ಬಳಕೆದಾರರೇ ಮಾಡುತ್ತಾರೆ. ಡಬ್ಬಿಯ ಗಾತ್ರ 8ರಿಂದ 250 ಗಿಗಾಬೈಟ್‌ಗೆ ಏರುತ್ತದೆ. ಬರೆಯುವ ಕೆಲಸವೂ ವೇಗವಾಗುತ್ತದೆ. ಎರಡು ಸಾಧನಗಳಲ್ಲಿ ಒಂದು ಕೆಟ್ಟರೆ ಇನ್ನೊಂದರ ದತ್ತಾಂಶ ಉಳಿಯುತ್ತದೆ.

ಹೈಬ್ರಿಡ್ ಡ್ರೈವ್‌ಗೆ ಡೆಸ್ಕ್‌ಟಾಪ್‌ನಲ್ಲಿ ಉಳಿದಿದ್ದ ಮತ್ತೊಂದು ಆಸರೆ ಬೆಲೆಯ ಅಂತರ. ಎಸ್‌ಎಸ್‌ಡಿಯು ಸಾಮಾನ್ಯರಿಗೆ ನಿಲುಕದಿದ್ದ ದಿನಗಳಲ್ಲಿ, ಹಾರ್ಡ್ ಡಿಸ್ಕಿಗಿಂತ ಸ್ವಲ್ಪವೇ ಹೆಚ್ಚು ಬೆಲೆಗೆ ಸಿಗುತ್ತಿದ್ದ ಹೈಬ್ರಿಡ್ ಸಮಂಜಸವಾದ ಖರೀದಿಯಾಗಿತ್ತು. ಫ್ಲ್ಯಾಶ್‌ನ ಬೆಲೆ ಆಗಾಗ ಏರಿಳಿಯುತ್ತದೆಯಾದರೂ ಒಂದು ದಶಕದ ಅವಧಿಯಲ್ಲಿ ಅದು ಬಹಳವಾಗಿ ಇಳಿದಿದೆ. ಹೊಸ ಹೈಬ್ರಿಡ್ ಮಾದರಿಗಳು ಬರುವುದೂ ಬಹುಮಟ್ಟಿಗೆ ನಿಂತಿದೆ. ಈಗ ಕಾಣಸಿಗುವವು ಹೆಚ್ಚಾಗಿ ಹಳೆಯ ದಾಸ್ತಾನು ಅಥವಾ ಬಳಸಿದ ಡ್ರೈವ್‌ಗಳು. ಇಂದು ಹೊಸದಾಗಿ ಹಣ ತೆತ್ತು ಹೈಬ್ರಿಡ್ ಡ್ರೈವ್ ಕೊಳ್ಳುವುದಕ್ಕೆ ಡೆಸ್ಕ್‌ಟಾಪ್ ಬಳಕೆದಾರರಿಗೆ ಕಾರಣ ಕಾಣುವುದಿಲ್ಲ. ಆದರೆ ಈಗಾಗಲೇ ಇರುವ, ಸುಸ್ಥಿತಿಯ ಹೈಬ್ರಿಡ್ ಡ್ರೈವನ್ನು ಎಸೆಯಬೇಕಿಲ್ಲ. ಎಸ್‌ಎಸ್‌ಡಿಯ ಜೊತೆಗೆ ಅದು ಒಳ್ಳೆಯ ಉಗ್ರಾಣವಾಗುತ್ತದೆ.

ಎಸ್‌ಎಸ್‌ಡಿಯ ಕೆಲವು ಪ್ರಸಿದ್ಧ ಗುಣಗಳು ಡೆಸ್ಕ್‌ಟಾಪ್‌ನಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಿದ್ದರೂ ಕೆಡದಿರುವುದು, ಬ್ಯಾಟರಿಯ ಉಳಿತಾಯ ಇವು ಮೇಜಿನ ಮೇಲೆ ಸ್ಥಿರವಾಗಿ ಕುಳಿತ ಯಂತ್ರಕ್ಕೆ ದೊಡ್ಡ ಲಾಭಗಳಲ್ಲ.

ಹಳೆಯ ಗಣಕಗಳು

ಶಾಲೆ, ಕಚೇರಿ, ಮನೆಗಳಲ್ಲಿರುವ ಎಂಟು ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳನ್ನು ನಿಧಾನವೆಂಬ ಕಾರಣಕ್ಕೆ ಮೂಲೆಗೆ ಸರಿಸುವುದುಂಟು. ಅನೇಕ ವೇಳೆ ಪ್ರೊಸೆಸರ್ ಪಠ್ಯಸಂಪಾದನೆ, ಅಂತರಜಾಲ ವೀಕ್ಷಣೆಗಳಿಗೆ ಸಾಕಷ್ಟು ಸಮರ್ಥವಾಗಿಯೇ ಇರುತ್ತದೆ. ತಡಮಾಡುತ್ತಿರುವುದು ಹಾರ್ಡ್ ಡಿಸ್ಕ್. ಇಂತಹ ಕಡೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿದರೆ ಹೊಸ ಗಣಕದ ಖರ್ಚನ್ನು ಕೆಲವು ವರ್ಷ ಮುಂದೂಡಬಹುದು. ಮದರ್‌ಬೋರ್ಡಿನ ಸಾಟಾ ಸಂಪರ್ಕ ಹಳೆಯ ಪೀಳಿಗೆಯದಾಗಿದ್ದು, ಸೆಕೆಂಡಿಗೆ 300 ಮೆಗಾಬೈಟ್ ಮಿತಿಯದಾಗಿದ್ದರೂ ಚಿಂತೆಯಿಲ್ಲ. ಮೇಲೆ ವಿವರಿಸಿದಂತೆ ಲಾಭ ಬರುವುದು ಸಣ್ಣ ಕಡತಗಳ ತ್ವರಿತ ಓದಿನಿಂದ. ಅದಕ್ಕೆ ಆ ಮಿತಿ ಅಡ್ಡಿಯಾಗದು. 4 ಗಿಗಾಬೈಟ್‌ಗಿಂತ ಕಡಿಮೆ ರ್‍ಯಾಮ್ ಇದ್ದರೆ ಮಾತ್ರ ಮೊದಲು ಅದನ್ನು ಹೆಚ್ಚಿಸುವ ಬಗ್ಗೆ ಯೋಚಿಸಬೇಕು.

ಬಾಳಿಕೆ ಮತ್ತು ದತ್ತಾಂಶದ ಸುರಕ್ಷತೆ

ಫ್ಲ್ಯಾಶ್ ಕೋಶಗಳು ಬರೆದು ಅಳಿಸಿದಂತೆಲ್ಲ ಸವೆಯುತ್ತವೆ. ಇದರಿಂದ ಎಸ್‌ಎಸ್‌ಡಿ ಬೇಗ ಕೆಡುತ್ತದೆಂಬ ಭಯ ವ್ಯಾಪಕವಾಗಿದೆ. ತಯಾರಕರು ಖಾತರಿಯ ಅವಧಿಯಲ್ಲಿ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದೆಂಬ ಅಂಕಿಯನ್ನು ಟಿಬಿಡಬ್ಲ್ಯೂ ಎಂದು ಸೂಚಿಸುತ್ತಾರೆ. ಸ್ಯಾಮ್‌ಸಂಗ್ 870 ಇವೊ 500 ಗಿಗಾಬೈಟ್ ಮಾದರಿಗೆ ಇದು 300 ಟೆರಾಬೈಟ್. ದಿನಕ್ಕೆ 40 ಗಿಗಾಬೈಟ್ ಬರೆದರೂ ವರ್ಷಕ್ಕೆ 14.6 ಟೆರಾಬೈಟ್, ಆ ಮಿತಿಯನ್ನು ಮುಟ್ಟಲು 20 ವರ್ಷ ಬೇಕು. ಮನೆಯ ಬಳಕೆಯಲ್ಲಿ ಸವೆತವು ಆತಂಕದ ವಿಷಯವಲ್ಲ.

ಆತಂಕಪಡಬೇಕಾದ ಸಂಗತಿಗಳು ಬೇರೆ ಇವೆ. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಕೆಲವೊಮ್ಮೆ ವಿಚಿತ್ರ ಸದ್ದು, ನಿಧಾನಗತಿಗಳ ಮೂಲಕ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿಯ ನಿಯಂತ್ರಕ ವಿಫಲವಾದಾಗ ಅದು ಇದ್ದಕ್ಕಿದ್ದಂತೆ ಕಾಣದಾಗಬಹುದು. ಅಳಿಸಿದ ಕಡತಗಳ ಜಾಗವನ್ನು ಟ್ರಿಮ್ ಎಂಬ ಆದೇಶದ ಮೂಲಕ ಎಸ್‌ಎಸ್‌ಡಿ ಬೇಗನೆ ತೆರವುಗೊಳಿಸುವುದರಿಂದ, ಕೈತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವ ಸಾಧ್ಯತೆ ಹಾರ್ಡ್ ಡಿಸ್ಕಿಗಿಂತ ಬಹಳ ಕಡಿಮೆ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡುವುದಕ್ಕೂ ಅದು ತಕ್ಕುದಲ್ಲ. ಕೋಶಗಳಲ್ಲಿನ ಆವೇಶ ಕ್ರಮೇಣ ಸೋರುತ್ತದೆ, ಸವೆದ ಡ್ರೈವ್‌ನಲ್ಲಿ ಮತ್ತು ಬಿಸಿಯಾದ ಸ್ಥಳದಲ್ಲಿ ಇದು ಇನ್ನೂ ಬೇಗ. ಹೈಬ್ರಿಡ್ ಡ್ರೈವ್‌ಗೆ ಹಾರ್ಡ್ ಡಿಸ್ಕಿನ ಯಾಂತ್ರಿಕ ದೌರ್ಬಲ್ಯಗಳೆಲ್ಲ ಇದ್ದೇ ಇವೆ. ಮದುವೆಯ ಛಾಯಾಚಿತ್ರ, ಪ್ರಬಂಧದ ಹಸ್ತಪ್ರತಿ, ಲೆಕ್ಕಪತ್ರಗಳಂತಹವುಗಳ ಮತ್ತೊಂದು ಪ್ರತಿಯನ್ನು ಬೇರೊಂದು ಸಾಧನದಲ್ಲಿ ಇಡದೆ ಯಾವ ಡ್ರೈವನ್ನೂ ನಂಬುವಂತಿಲ್ಲ.

ಕೊಳ್ಳುವಾಗ

ಎಂ.2 ಎಂಬುದು ಕಿಂಡಿಯ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಈ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಎನ್‌ವಿಎಂಇ ಎಸ್‌ಎಸ್‌ಡಿಯೂ ಬರುತ್ತವೆ. ಕೆಲವು ಮದರ್‌ಬೋರ್ಡ್‌ಗಳು ಒಂದನ್ನು ಮಾತ್ರ ಸ್ವೀಕರಿಸುತ್ತವೆ. ಹಳೆಯ ಬಯೋಸ್ ಎನ್‌ವಿಎಂಇಯಿಂದ ಚಾಲನೆಗೊಳ್ಳದಿರಬಹುದು. ಕೊಳ್ಳುವ ಮೊದಲು ಮದರ್‌ಬೋರ್ಡಿನ ಕೈಪಿಡಿಯನ್ನು ನೋಡುವುದು ಉತ್ತಮ. ಎನ್‌ವಿಎಂಇ ಡ್ರೈವ್‌ಗಳು ಸೆಕೆಂಡಿಗೆ 3500 ಮೆಗಾಬೈಟ್, ಹೊಸ ಪೀಳಿಗೆಯವು 7000 ಮೆಗಾಬೈಟ್ ಅಥವಾ ಅದಕ್ಕಿಂತ ಹೆಚ್ಚು ಓದುತ್ತವೆ. ಆದರೆ ಸಾಟಾ ಎಸ್‌ಎಸ್‌ಡಿಯಿಂದ ಎನ್‌ವಿಎಂಇಗೆ ಹೋದಾಗಿನ ಬದಲಾವಣೆಯು, ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗಿನಷ್ಟು ಅನುಭವಕ್ಕೆ ಬರುವುದಿಲ್ಲ. ದೊಡ್ಡ ದೃಶ್ಯಕಡತಗಳನ್ನು ಸಂಪಾದಿಸುವವರಿಗೆ ಅದು ಉಪಯುಕ್ತ.

ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಮಾದರಿಯು, ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿಗಿಂತ ಬಾಳಿಕೆಯಲ್ಲಿಯೂ ದೀರ್ಘಕಾಲ ಬರೆಯುವಾಗಿನ ವೇಗದಲ್ಲಿಯೂ ಮೇಲು. ನಂಬಲಾಗದಷ್ಟು ಅಗ್ಗವಾಗಿ ಹಲವು ಟೆರಾಬೈಟ್ ಸಾಮರ್ಥ್ಯವನ್ನು ಸಾರುವ, ಹೆಸರಿಲ್ಲದ ಡ್ರೈವ್‌ಗಳಲ್ಲಿ ಸಾಮರ್ಥ್ಯವನ್ನು ಸುಳ್ಳಾಗಿ ನಮೂದಿಸಿದವು ಇರುತ್ತವೆ. ನಿಜವಾದ ಜಾಗ ತುಂಬಿದ ಮೇಲೆ ಬರೆದ ಕಡತಗಳು ಕೆಟ್ಟುಹೋಗುತ್ತವೆ. ಎಸ್‌ಎಸ್‌ಡಿಯನ್ನು ಅಂಚಿನವರೆಗೆ ತುಂಬಿಸದೆ ಹತ್ತನೆಯ ಒಂದು ಭಾಗವನ್ನಾದರೂ ಖಾಲಿ ಬಿಟ್ಟರೆ ಅದರ ವೇಗ ಕುಗ್ಗದೆ ಉಳಿಯಲು ನೆರವಾಗುತ್ತದೆ.