ಮೀನನ್ನು ಅಳೆಯುವ ಬಗೆ

ಪೇಟೆಯಲ್ಲಿ ಮೀನನ್ನು ಕೊಳ್ಳುವವರು ತೂಗಿ ಕೊಳ್ಳುತ್ತಾರೆ; ಕಾನೂನು ಅದನ್ನು ಅಳೆದು ನೋಡುತ್ತದೆ. ತಕ್ಕಡಿಗೆ ಹತ್ತು ಮರಿಗಳೂ ಒಂದೇ, ಅವುಗಳ ತೂಕಕ್ಕೆ ಸಮನಾದ ಒಂದು ದೊಡ್ಡ ಮೀನೂ ಒಂದೇ. ಅಳತೆಗೋಲಿಗೆ ಹಾಗಲ್ಲ. ಈ ಮೀನು ತನ್ನ ಬಾಳಿನಲ್ಲಿ ಒಮ್ಮೆಯಾದರೂ ಮೊಟ್ಟೆಯಿಟ್ಟಿರಬಹುದೇ ಎಂಬ ಪ್ರಶ್ನೆಗೆ ಅದರ ಉದ್ದವು ಒಂದು ಅಂದಾಜು ಉತ್ತರವನ್ನು ಕೊಡುತ್ತದೆ. ಆದುದರಿಂದಲೇ ಪ್ರಪಂಚದ ಅನೇಕ ಕರಾವಳಿಗಳಲ್ಲಿ, ಇಂತಿಷ್ಟು ಉದ್ದಕ್ಕಿಂತ ಕಿರಿದಾದ ಮೀನನ್ನು ಹಿಡಿಯಕೂಡದೆಂಬ ಕಟ್ಟಳೆಯುಂಟು.

ಭಾರತದಲ್ಲಿ ಇಂಥ ಕಟ್ಟಳೆಯನ್ನು ಮೊದಲು ತಂದ ಕೀರ್ತಿ ಕೇರಳಕ್ಕೆ ಸಲ್ಲುತ್ತದೆ. 2015ರಲ್ಲಿ 14 ಜಾತಿಗಳಿಗೆ ಗೊತ್ತುಮಾಡಿದ ಕನಿಷ್ಠ ಅಳತೆಯನ್ನು 2017ರಲ್ಲಿ 58 ಜಾತಿಗಳಿಗೆ ವಿಸ್ತರಿಸಲಾಯಿತು. ಅಳತೆಗಳನ್ನು ಸೂಚಿಸಿದ್ದು 1947ರಲ್ಲಿ ಹುಟ್ಟಿ ಈಗ ಕೊಚ್ಚಿಯಲ್ಲಿ ನೆಲೆಸಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ. ಮಂಗಳೂರು-ಉಡುಪಿಗಳವರ ಅಡಿಗೆಮನೆಗೆ ಚಿರಪರಿಚಿತವಾದ ಬೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14, ಹಾವಿನಂತೆ ನೀಳವಾದ ಬೆಳ್ಳಿಬಣ್ಣದ ಪಾಂಬೋಲಿಗೆ 46.

ಹತ್ತು ಸೆಂಟಿಮೀಟರು ಸರಿ. ಆದರೆ ಎಲ್ಲಿಂದ ಎಲ್ಲಿಗೆ? ಮೀನು ಎಲ್ಲಿ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ? ಮೀನು ತಿನ್ನದ ಮನೆಯವರಿಗೆ ಇದು ತರ್ಕಶಾಸ್ತ್ರದ ಕೀಟಲೆಯಂತೆ ತೋರಬಹುದು. ಬಂದರಿನಲ್ಲಿ ದಂಡ ತೆರಬೇಕಾದವನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಬಂಗುಡೆಯ ಬಾಲ ಕತ್ತರಿಯಂತೆ ಕವಲೊಡೆದದ್ದು. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಅದು ‘ಒಟ್ಟು ಉದ್ದ’. ಕವಲಿನ ನಡುವಣ ತಗ್ಗಿನವರೆಗೆ ಅಳೆದರೆ ‘ಕವಲುದ್ದ’. ಬಾಲವನ್ನು ಬಿಟ್ಟು ಬೆನ್ನೆಲುಬು ಮುಗಿಯುವೆಡೆಗೆ ನಿಲ್ಲಿಸಿದರೆ ಇನ್ನೊಂದು ಉದ್ದ. ಹದಿನಾಲ್ಕು ಸೆಂಟಿಮೀಟರಿನ ಬಂಗುಡೆಯಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದು ಸೆಂಟಿಮೀಟರಿಗೆ ಮೀರಿದ ಅಂತರವಿರುತ್ತದೆ. ಅದೇ ಮೀನು ಒಂದು ಲೆಕ್ಕದಲ್ಲಿ ನಿರಪರಾಧಿ, ಇನ್ನೊಂದರಲ್ಲಿ ಅಪರಾಧಿ! ಆದುದರಿಂದ ಕಾನೂನು ಅಂಕಿಯನ್ನು ಹೇಳಿದರಷ್ಟೆ ಸಾಲದು, ಯಾವ ಉದ್ದವೆಂಬುದನ್ನೂ ಹೇಳಬೇಕು. ಬಂಗುಡೆ ಬೂತಾಯಿಗಳಿಗೆ ಒಟ್ಟು ಉದ್ದವನ್ನೇ ಹಿಡಿದಿದ್ದಾರೆ. ಕೇದಾರ ಮೊದಲಾದ ದೊಡ್ಡ ಮೀನುಗಳ ಬಿರುಸಾದ ಬಾಲದ ತುದಿ ಮುರಿದಿರುವುದುಂಟಾದ್ದರಿಂದ ಅವುಗಳಿಗೆ ಕವಲುದ್ದವೇ ವಾಡಿಕೆ. ಬೊಂಡಾಸಿನ ಮೀಸೆಯಂಥ ಬಾಹುಗಳು ಎಳೆದಷ್ಟೂ ನೀಳುವುದರಿಂದ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಚೀಲದಂಥ ಒಡಲನ್ನು ಮಾತ್ರ ಅಳೆಯುತ್ತಾರೆ. ಅದು 8 ಸೆಂಟಿಮೀಟರು ಇರಬೇಕು. ಪಾಂಬೋಲಿನ ಬಾಲವಂತೂ ನೂಲಿನಂತೆ ಸಣ್ಣಗಾಗಿ ಕೊನೆಗೊಳ್ಳುತ್ತದೆ, ಮುಟ್ಟಿದರೆ ಮುರಿಯುತ್ತದೆ. ವಿಜ್ಞಾನಿಗಳು ಅನೇಕ ವೇಳೆ ಅದರ ಬಾಲದ ಗೊಡವೆಗೇ ಹೋಗದೆ ಗುದದ್ವಾರದವರೆಗೆ ಅಳೆದು ಸುಮ್ಮನಾಗುತ್ತಾರೆ.

ಸರಿಯಾದ ಅಳತೆಗೆ ಬೇಕಾದ ಉಪಕರಣ ಬಲು ಸರಳವಾದದ್ದು: ಅಂಕಿಗಳನ್ನು ಕೊರೆದ ಒಂದು ಹಲಗೆ, ಅದರ ತಲೆಯಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಅಡ್ಡಪಟ್ಟಿ. ಮೀನನ್ನು ಮಗ್ಗುಲಾಗಿ ಚಪ್ಪಟೆ ಮಲಗಿಸಿ, ಬಾಯಿ ಮುಚ್ಚಿ, ಮೂತಿಯನ್ನು ಪಟ್ಟಿಗೆ ತಾಗಿಸಿ, ಬಾಲವು ಮುಟ್ಟಿದ ಗೆರೆಯನ್ನು ಓದಬೇಕು. ದರ್ಜಿಯ ಟೇಪನ್ನು ಹೊಟ್ಟೆಯ ಉಬ್ಬಿನ ಮೇಲೆ ಹಾಸಿ ಅಳೆದರೆ ಇಲ್ಲದ ಉದ್ದ ಬರುತ್ತದೆ; ಬಾಯಿ ತೆರೆದಿದ್ದರೆ ಇನ್ನಷ್ಟು ಬರುತ್ತದೆ. ಬಾಲದ ಎರಡು ಕವಲುಗಳನ್ನು ಒಟ್ಟಿಗೆ ಹಿಸುಕಿ ಹಿಡಿದರೆ ಮತ್ತೂ ತುಸು ಬೆಳೆಯುತ್ತದೆ. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ, ಒಟ್ಟು ಉದ್ದವೆಂದರೆ ಬಾಯಿ ಮುಚ್ಚಿ ಬಾಲ ಹಿಸುಕಿ ಅಳೆದ ಉದ್ದವೆಂದು ನಿಯಮದಲ್ಲಿಯೇ ಬರೆದಿಟ್ಟಿದ್ದಾರೆ. ಇನ್ನು ಮಂಜುಗಡ್ಡೆಯಲ್ಲಿಟ್ಟ ಮೀನು ತುಸು ಕುಗ್ಗುತ್ತದೆ. ಗೆರೆಯ ಮೇಲೆಯೇ ನಿಂತ ಮೀನು ದೋಣಿಯಲ್ಲಿ ತೇರ್ಗಡೆಯಾಗಿ ದಡದಲ್ಲಿ ಅನುತ್ತೀರ್ಣವಾದರೆ ಆಶ್ಚರ್ಯವಿಲ್ಲ.

ಮೀನಿನ ಗಾತ್ರವನ್ನು ಕುರಿತು ಯೋಚಿಸಿದವರು ಈ ಕಾಲದವರು ಮಾತ್ರವೇ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕಾಗಿಯೇ ಒಂದು ಪ್ರಕರಣವಿದೆ, ಅಲ್ಲಿ ಮೀನುಗಳನ್ನು ಗಾತ್ರ, ಹುರುಪೆ, ನೆಲೆಗಳಿಗೆ ತಕ್ಕಂತೆ ವಿಂಗಡಿಸಲಾಗಿದೆ. ಅದು ಅರಸನ ವಿನೋದದ ಮಾತು. ಬಡವನ ಬಲೆಗೆ ಅಳತೆ ಬಂದದ್ದು ಬಹಳ ತಡವಾಗಿ.

ಅಳತೆಯಿಂದ ಪ್ರಯೋಜನವಾಗುವ ಬಗೆಯನ್ನು ಕಾಣಲು ಅಮೆರಿಕದ ಮೇಯ್ನ್ ಸಂಸ್ಥಾನದತ್ತ ನೋಡಬೇಕು. ಅಲ್ಲಿಯ ಕಡಲ ಸೀಗಡಿ, ಅಂದರೆ ಲಾಬ್‌ಸ್ಟರ್, ಹಿಡಿಯುವವರ ಬಳಿ ಸದಾ ಲೋಹದ ಒಂದು ಸಣ್ಣ ಅಳತೆಪಟ್ಟಿಯಿರುತ್ತದೆ. ಬಾಲವು ಮಡಚಿಕೊಳ್ಳುವುದರಿಂದ ಅದನ್ನು ಬಿಟ್ಟು, ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ಅಂಚಿನವರೆಗೆ ಅಳೆಯುತ್ತಾರೆ. ಮೂರೂಕಾಲು ಅಂಗುಲಕ್ಕಿಂತ ಕಿರಿದಾದರೆ ನೀರಿಗೆ. ಐದು ಅಂಗುಲವನ್ನು ಮೀರಿದರೂ ನೀರಿಗೆ, ಏಕೆಂದರೆ ದೊಡ್ಡದು ಹೆಚ್ಚು ಮೊಟ್ಟೆಯಿಡುತ್ತದೆ. ಕಿರಿದಕ್ಕೂ ಹಿರಿದಕ್ಕೂ ಎಲ್ಲೆಕಟ್ಟುವ ಈ ಪದ್ಧತಿ 1933ರಿಂದ ನಡೆದುಬಂದಿದೆ. ಗೂಡಿನಿಂದ ಜೀವಂತವಾಗಿ ಬಂದ ಪ್ರಾಣಿ ಜೀವಂತವಾಗಿಯೇ ಕಡಲಿಗೆ ಮರಳುತ್ತದೆ.

ಬೂತಾಯಿಯ ಪಾಡು ಬೇರೆ. ಸಾವಿರಗಟ್ಟಲೆ ಮೀನು ಬಲೆಯಲ್ಲಿ ಒತ್ತರಿಸಿ ಮೇಲೆ ಬರುವಾಗಲೇ ಬಹುಪಾಲು ಸತ್ತಿರುತ್ತವೆ. ಅಧಿಕಾರಿಗಳು ದಡದಲ್ಲಿ ಅಳೆದು, ದೋಣಿಯನ್ನು ಹಿಡಿದು, ದಂಡ ವಿಧಿಸಿ, ಮರಿಗಳನ್ನು ಮರಳಿ ಕಡಲಿಗೆ ಸುರಿಸುತ್ತಾರೆ. ಸುರಿದದ್ದು ಹೆಣಗಳನ್ನು. ಇಂಥ ಮೀನಿಗೆ ಹಲಗೆಯ ಅಳತೆ ಶಿಕ್ಷೆಗೆ ಸಾಕ್ಷಿಯಾಗಬಲ್ಲುದೇ ಹೊರತು ರಕ್ಷೆಯಾಗಲಾರದು. ಅದನ್ನು ನೀರಿನೊಳಗೇ ಅಳೆಯಬೇಕು. ಅಳೆಯಬಲ್ಲದ್ದು ಬಲೆಯ ಕಣ್ಣೊಂದೇ. ಟ್ರಾಲ್ ಬಲೆಯ ಕೊನೆಯ ಚೀಲದ ಕಣ್ಣು ವಜ್ರಾಕೃತಿಯದಾದರೆ, ಎಳೆತಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತದೆ. ಚೌಕದ ಕಣ್ಣು ತೆರೆದೇ ಇದ್ದು ಮರಿಗೆ ದಾರಿ ಬಿಡುತ್ತದೆ. ಇಷ್ಟು ತಿಳಿದಿದ್ದರೂ ಸಣ್ಣಕಣ್ಣಿನ ಬಲೆ ಮಾಯವಾಗಿಲ್ಲ. ಮರಿಯನ್ನು ಕೊಳ್ಳುವವರಿದ್ದಾರೆ, ತಿನ್ನಲಿಕ್ಕಲ್ಲ, ಮೀನುಹಿಟ್ಟು ಮೀನೆಣ್ಣೆಗಳ ಕಾರ್ಖಾನೆಗೆ. ಬೆಲೆ ಕಡಿಮೆಯಾದರೂ ಡೀಸೆಲ್ಲಿನ ಖರ್ಚು ತಲೆಯ ಮೇಲಿರುವವನು ಬರಿಗೈಯಲ್ಲಿ ಮರಳಲೊಲ್ಲ. ಅವನನ್ನು ದುರಾಶೆಯವನೆಂದು ಹಳಿಯುವುದು ಪಟ್ಟಣದವರಿಗೆ ಸುಲಭ.

ಆದರೂ ಕಾನೂನು ಕಠಿಣವಾಯಿತೆನ್ನುವಂತಿಲ್ಲ. ಬೂತಾಯಿ ಸಾಮಾನ್ಯವಾಗಿ ಪ್ರಾಯಕ್ಕೆ ಬರುವುದು ಸುಮಾರು 15 ಸೆಂಟಿಮೀಟರಿಗೆ, ಹೆಚ್ಚುಕಡಮೆ ಒಂದು ವರ್ಷದ ವಯಸ್ಸಿನಲ್ಲಿ. ಹತ್ತರ ಗೆರೆ ಮೀನುಗಾರನ ಕಷ್ಟಕ್ಕೆ ಸಾಕಷ್ಟು ಮಣಿದ ಗೆರೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿಗೆ ಸಮೀಪಿಸಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಕಡಲಿನ ಕಾವು, ಮಳೆಯ ಏರುಪೇರುಗಳೂ ಇದಕ್ಕೆ ಕಾರಣ; ಮರಿಗಳನ್ನು ಬಾಚಿದ್ದೂ ಕಾರಣ. ಮೀನಿಗೆ ರಾಜ್ಯಗಳ ಗಡಿ ಗೊತ್ತಿಲ್ಲ. ಒಂದು ಬಂದರಿನಲ್ಲಿ ಅಪರಾಧವಾದದ್ದು ಪಕ್ಕದ ಬಂದರಿನಲ್ಲಿ ವ್ಯಾಪಾರವಾಗುವಂತಿದ್ದರೆ ಅಳತೆಗೆ ಬೆಲೆಯುಳಿಯದು. ಇಡೀ ಕರಾವಳಿಗೆ ಒಂದೇ ಅಳತೆ ಬೇಕೆಂದು ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ.

ಕೊಳ್ಳುವ ಗೃಹಿಣಿಗೆ ಹಲಗೆಯೂ ಬೇಡ, ಟೇಪೂ ಬೇಡ. ಹೆಬ್ಬೆರಳು ಸೇರಿಸಿ ಹಿಡಿದ ಅಂಗೈಯ ಅಗಲ ಸುಮಾರು ಹತ್ತು ಸೆಂಟಿಮೀಟರು. ಹೆಬ್ಬೆರಳಿನಿಂದ ತೋರುಬೆರಳಿನವರೆಗಿನ ಒಂದು ಚೋಟು ಹದಿನಾಲ್ಕಕ್ಕೆ ಹತ್ತಿರ. ಬೂತಾಯಿ ಅಂಗೈಯಿಂದ ಹೊರಗೆ ಚಾಚಬೇಕು, ಬಂಗುಡೆ ಚೋಟನ್ನು ತುಂಬಬೇಕು. ಬಾಯಿ ಮಾತ್ರ ಮುಚ್ಚಿರಲಿ, ಮೀನಿನದು.