ಮೂರು ಗಾಳಿ ಕೂಡುವ ಬಯಲು

ಅಮೆರಿಕದ ಒಕ್ಲಹೋಮಾ ರಾಜ್ಯದ ಈಶಾನ್ಯ ಮೂಲೆಯ ನೊವಾಟ ಎಂಬ ಊರಿನಲ್ಲಿ 2011ರ ಫೆಬ್ರವರಿ 10ರಂದು ಉಷ್ಣಾಂಶ ಸೊನ್ನೆಗಿಂತ 35 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಆ ರಾಜ್ಯದಲ್ಲಿ ಅಷ್ಟು ಚಳಿ ಹಿಂದೆಂದೂ ದಾಖಲಾಗಿರಲಿಲ್ಲ. ಸರಿಯಾಗಿ ಒಂದು ವಾರಕ್ಕೆ ಅದೇ ಊರಿನಲ್ಲಿ 26 ಡಿಗ್ರಿ ಬಿಸಿಲು. ಅದಕ್ಕೂ ನೂರು ವರ್ಷ ಹಿಂದೆ, 1911ರ ನವೆಂಬರ್ 11ರಂದು, ಒಕ್ಲಹೋಮಾ ಸಿಟಿಯಲ್ಲಿ ಹಗಲು 28 ಡಿಗ್ರಿ ಇದ್ದದ್ದು ನಡುರಾತ್ರಿಯೊಳಗೆ ಸೊನ್ನೆಗಿಂತ 8 ಡಿಗ್ರಿ ಕೆಳಗೆ ಬಿತ್ತು. ಆ ತಾರೀಖಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣಾಂಶದ ದಾಖಲೆಗಳೆರಡೂ ಒಂದೇ ದಿನ ಸೃಷ್ಟಿಯಾದವು.

ದಕ್ಷಿಣ ಬಯಲು ಎಂದು ಕರೆಯುವ ಈ ಸೀಮೆಯಲ್ಲಿ ಒಕ್ಲಹೋಮಾದ ಬಹುಭಾಗ, ಟೆಕ್ಸಾಸಿನ ಉತ್ತರ ಮತ್ತು ಪಶ್ಚಿಮ ಭಾಗ, ಕಾನ್ಸಾಸಿನ ದಕ್ಷಿಣ ಭಾಗ ಸೇರುತ್ತವೆ. ನ್ಯೂ ಮೆಕ್ಸಿಕೊ, ಕೊಲೊರಾಡೊಗಳ ಅಂಚೂ ಇದರೊಳಗೆ ಬರುತ್ತದೆ. ಪಶ್ಚಿಮಕ್ಕೆ ರಾಕಿ ಪರ್ವತಗಳು, ಆಗ್ನೇಯಕ್ಕೆ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ಸಮುದ್ರ. ಉತ್ತರಕ್ಕೆ ಮಾತ್ರ ಏನೂ ಇಲ್ಲ. ಭಾರತಕ್ಕೆ ಹಿಮಾಲಯ ಅಡ್ಡ ನಿಂತು ಮಧ್ಯ ಏಷ್ಯಾದ ಚಳಿಯನ್ನು ತಡೆಯುತ್ತದೆ. ಇಲ್ಲಿ ಪೂರ್ವ ಪಶ್ಚಿಮವಾಗಿ ಹಬ್ಬಿದ ಒಂದು ಬೆಟ್ಟಸಾಲೂ ಇಲ್ಲದ್ದರಿಂದ ಕೆನಡಾದ ಶೀತಗಾಳಿ ಎಲ್ಲೂ ನಿಲ್ಲದೆ ಟೆಕ್ಸಾಸಿನವರೆಗೂ ನುಗ್ಗುತ್ತದೆ. ಕೊಲ್ಲಿಯ ತೇವದ ಗಾಳಿ, ಮೆಕ್ಸಿಕೊ ಮತ್ತು ನ್ಯೂ ಮೆಕ್ಸಿಕೊದ ಎತ್ತರದ ಮರುಭೂಮಿಯ ಒಣಗಾಳಿ, ಉತ್ತರದ ಚಳಿಗಾಳಿ ಮೂರೂ ಬಂದು ಕೂಡುವ ಜಾಗ ಇದು.

ಈ ಕೂಡುವಿಕೆ ಅತಿ ಅಪಾಯಕಾರಿಯಾಗುವುದು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಆಗ ನೆಲದ ಮಟ್ಟದಲ್ಲಿ ಕೊಲ್ಲಿಯ ತೇವ ಉತ್ತರಕ್ಕೆ ಹರಿದು ಬರುತ್ತದೆ. ಅದರ ಮೇಲೆ ಮೆಕ್ಸಿಕೊ ಪ್ರಸ್ಥಭೂಮಿಯಿಂದ ಬಂದ ಬಿಸಿ ಒಣಗಾಳಿಯ ಪದರ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಕೆಳಗಿನ ಗಾಳಿ ಬೆಳಗ್ಗೆಯಿಂದ ಕಾಯುತ್ತಲೇ ಇದ್ದರೂ ಮೇಲೇರಲು ದಾರಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ತೇವದ ಗಾಳಿಗೂ ಒಣಗಾಳಿಗೂ ನಡುವಿನ ಗಡಿ, ಅಂದರೆ ಹವಾಮಾನ ತಜ್ಞರು ಒಣಗೆರೆ ಎನ್ನುವ ಗೆರೆ, ಪೂರ್ವಕ್ಕೆ ಸರಿಯುತ್ತಾ ಒಂದೆರಡು ಕಡೆ ಆ ಪದರವನ್ನು ಒಡೆಯುತ್ತದೆ. ಅದುವರೆಗೆ ಕೂಡಿಟ್ಟ ಶಕ್ತಿಯೆಲ್ಲ ಅಲ್ಲಿ ಒಮ್ಮೆಗೇ ಹೊರಬೀಳುತ್ತದೆ. ಮೂರು ಗಂಟೆಗೆ ಖಾಲಿಯಿದ್ದ ಆಕಾಶದಲ್ಲಿ ನಾಲ್ಕು ಗಂಟೆಗೆ ಹದಿನೈದು ಕಿಲೋಮೀಟರ್ ಎತ್ತರದ ಮೋಡ ನಿಂತಿರುವುದುಂಟು. ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ಎರಡೂ ಬದಲಾಗುತ್ತಿದ್ದರೆ ಆ ಮೋಡವೇ ತಿರುಗತೊಡಗುತ್ತದೆ. ಸೂಪರ್‌ಸೆಲ್ ಎನ್ನುವುದು ಇದನ್ನೇ. ದೊಡ್ಡ ಸುಂಟರಗಾಳಿಗಳು ಬಹುಪಾಲು ಹುಟ್ಟುವುದು ಇಂಥ ಮೋಡಗಳಿಂದ. ಆದರೆ ಎಲ್ಲ ಸೂಪರ್‌ಸೆಲ್‌ಗಳೂ ಸುಂಟರಗಾಳಿಯನ್ನು ಇಳಿಸುವುದಿಲ್ಲ. ಒಂದು ಇಳಿಸುತ್ತದೆ, ಪಕ್ಕದಲ್ಲೇ ಇರುವ, ನೋಡಲು ಅದರಂತೆಯೇ ಇರುವ ಇನ್ನೊಂದು ಇಳಿಸುವುದಿಲ್ಲ. ಏಕೆ ಎಂಬುದು ಈ ಶಾಸ್ತ್ರದಲ್ಲಿ ಇಂದಿಗೂ ಬಿಡಿಸದ ಗಂಟು.

ಈ ಗಂಟಿಗೆ ಹೆದರಿಯೇ ಅಮೆರಿಕದ ಹವಾಮಾನ ಇಲಾಖೆ ಹಲವು ದಶಕ ಕಾಲ ಮುನ್ಸೂಚನೆಯಲ್ಲಿ ಸುಂಟರಗಾಳಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಜನ ಗಾಬರಿಬೀಳುತ್ತಾರೆ ಎಂಬುದು ಕೊಡುತ್ತಿದ್ದ ಕಾರಣ. ಈ ಮೌನ ಮುರಿದದ್ದು ಇಲಾಖೆಯ ಹೊರಗೆ, ಸೇನೆಯಲ್ಲಿ. 1948ರ ಮಾರ್ಚ್ 20ರಂದು ಒಕ್ಲಹೋಮಾ ಸಿಟಿಯ ಪಕ್ಕದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಬಡಿದು ಹಲವು ವಿಮಾನಗಳು ಚೂರಾದವು. ಮುಂದೆ ಹೀಗಾಗುವುದನ್ನು ಮೊದಲೇ ತಿಳಿಯಬಹುದೇ ನೋಡಿ ಎಂದು ಅಲ್ಲಿನ ಹವಾಮಾನ ಅಧಿಕಾರಿಗಳಾದ ಅರ್ನೆಸ್ಟ್ ಫಾಬುಷ್ ಮತ್ತು ರಾಬರ್ಟ್ ಮಿಲ್ಲರ್ ಅವರಿಗೆ ಮೇಲಿನಿಂದ ಆದೇಶ ಬಂತು. ಐದೇ ದಿನಕ್ಕೆ, ಮಾರ್ಚ್ 25ರಂದು, ನಕ್ಷೆಗಳಲ್ಲಿ ಹಿಂದಿನ ಸಲದ ಲಕ್ಷಣಗಳೇ ಕಂಡವು. ಇಬ್ಬರೂ ಅಳುಕುತ್ತಲೇ ಮುನ್ಸೂಚನೆ ಕೊಟ್ಟರು. ಅದೇ ಸಂಜೆ ಅದೇ ನೆಲೆಗೆ ಎರಡನೆಯ ಸುಂಟರಗಾಳಿ ಬಂತು. ಅದೃಷ್ಟದ ಪಾಲೂ ಅದರಲ್ಲಿ ದೊಡ್ಡದಾಗಿಯೇ ಇತ್ತು. ಆದರೂ ಸುಂಟರಗಾಳಿಯನ್ನು ಮೊದಲೇ ಹೇಳಬಹುದು ಎಂಬ ಮಾತು ಅಂದಿನಿಂದ ನಿಂತಿತು.

ಟಿಂಕರ್‌ಗೆ ಹತ್ತಿರದ ನಾರ್ಮನ್ ನಗರ ಕ್ರಮೇಣ ಈ ಶಾಸ್ತ್ರದ ರಾಜಧಾನಿಯಾಯಿತು. 1964ರಲ್ಲಿ ರಾಷ್ಟ್ರೀಯ ಪ್ರಚಂಡ ಬಿರುಗಾಳಿ ಪ್ರಯೋಗಾಲಯ ಅಲ್ಲಿ ಆರಂಭವಾಯಿತು. 1973ರ ಮೇ 24ರಂದು ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ಹುಟ್ಟಿನಿಂದ ಕೊನೆಯವರೆಗೆ ಡಾಪ್ಲರ್ ರೇಡಾರ್ ಹಿಡಿಯಿತು. ಹಳೆಯ ರೇಡಾರ್ ಮಳೆ ಎಲ್ಲಿದೆ ಎಂದಷ್ಟೇ ಹೇಳುತ್ತಿತ್ತು. ಹೊಸದು ಮೋಡದೊಳಗಿನ ಗಾಳಿ ತನ್ನತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದನ್ನೂ ತೋರಿಸಿತು. ಎರಡೂ ಅಕ್ಕಪಕ್ಕದಲ್ಲೇ ಕಂಡರೆ ಅಲ್ಲಿ ಗಾಳಿ ಸುತ್ತುತ್ತಿದೆ ಎಂದರ್ಥ. 1990ರ ದಶಕದಲ್ಲಿ ಇಂಥ ರೇಡಾರ್‌ಗಳ ಜಾಲ ದೇಶದ ತುಂಬ ಹರಡಿತು. 1994ರಿಂದ ಒಕ್ಲಹೋಮಾದ 77 ಕೌಂಟಿಗಳಲ್ಲೂ ಸ್ವಯಂಚಾಲಿತ ಕೇಂದ್ರಗಳಿದ್ದು, ಐದೈದು ನಿಮಿಷಕ್ಕೆ ಗಾಳಿ, ತೇವ, ಉಷ್ಣಾಂಶಗಳ ಮಾಹಿತಿ ಕಳಿಸುತ್ತವೆ.

ಇಷ್ಟಿದ್ದರೂ ಮನೆಯವರ ಕೈಗೆ ಸಿಗುವ ಸಮಯ ಕಡಿಮೆ. ಇಂದು ಅಪಾಯವಿದೆ ಎಂಬ ಸೂಚನೆ ಬೆಳಗ್ಗೆಯೇ, ಎಷ್ಟೋ ಸಲ ಮೂರ್ನಾಲ್ಕು ದಿನ ಮೊದಲೇ ಬರುತ್ತದೆ. ಕೆಲವು ಗಂಟೆ ಮೊದಲು ಹತ್ತಾರು ಕೌಂಟಿಗಳಿಗೆ ಸೇರಿಸಿ ಕಟ್ಟೆಚ್ಚರದ ಸೂಚನೆ ಬರುತ್ತದೆ. ಈ ಬೀದಿಯವರು ಈಗಲೇ ಅವಿತುಕೊಳ್ಳಿ ಎಂಬ ಅಂತಿಮ ಎಚ್ಚರಿಕೆ ಮಾತ್ರ ಸರಾಸರಿ ಹತ್ತು ಹದಿಮೂರು ನಿಮಿಷ ಮುಂಚೆಯಷ್ಟೇ ಸಿಗುತ್ತದೆ. ಅಂಥ ಎಚ್ಚರಿಕೆಗಳಲ್ಲಿಯೂ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಸುಳ್ಳಾಗುತ್ತವೆ. ಸೈರನ್ ಕೂಗಿದಾಗ ಎಷ್ಟೋ ಜನ ಒಳಗೆ ಹೋಗುವ ಬದಲು ಅಂಗಳಕ್ಕೆ ಬಂದು ಆಕಾಶ ನೋಡುತ್ತಾರೆ. ಅದನ್ನು ಮೂರ್ಖತನ ಎಂದು ತಳ್ಳಿಹಾಕುವುದು ಸುಲಭ. ಹತ್ತು ಸಲ ಸೈರನ್ ಕೇಳಿಯೂ ಏನೂ ಆಗದವರ ಲೆಕ್ಕಾಚಾರ ಅದು. ಒಕ್ಲಹೋಮಾ ಸಿಟಿಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಪರೀಕ್ಷೆಗೆಂದೇ ಕೂಗುತ್ತದೆ. ಅಂದು ನಿಜವಾಗಿಯೂ ಮೋಡ ಕವಿದಿದ್ದರೆ ಗೊಂದಲವಾಗದಿರಲೆಂದು ಪರೀಕ್ಷೆಯನ್ನೇ ಕೈಬಿಡುತ್ತಾರೆ.

ಒಕ್ಲಹೋಮಾ ಸಿಟಿಗೆ ಅಂಟಿಕೊಂಡ ಮೂರ್ ಎಂಬ ಊರಿಗೆ ಲೆಕ್ಕಾಚಾರದ ಸಲುಗೆ ಉಳಿದಿಲ್ಲ. 1999ರ ಮೇ 3ರಂದು ಬ್ರಿಡ್ಜ್ ಕ್ರೀಕ್ ಮತ್ತು ಮೂರ್ ಮೂಲಕ ಹಾದ ಸುಂಟರಗಾಳಿಯಲ್ಲಿ ಗಾಳಿಯ ವೇಗ ಗಂಟೆಗೆ 480 ಕಿಲೋಮೀಟರ್ ಮೀರಿತ್ತೆಂದು ಲಾರಿಯ ಮೇಲೆ ಹೊತ್ತೊಯ್ದ ರೇಡಾರ್ ಅಳೆಯಿತು. ಅದರಲ್ಲಿ 36 ಜನ ಸತ್ತರು. ಅದೇ ಊರಿಗೆ 2013ರ ಮೇ 20ರಂದು ಅಷ್ಟೇ ಉಗ್ರ ಶ್ರೇಣಿಯ ಇನ್ನೊಂದು ಬಂದು 24 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಏಳು ಮಂದಿ ಪ್ಲಾಜಾ ಟವರ್ಸ್ ಪ್ರಾಥಮಿಕ ಶಾಲೆಯ ಮಕ್ಕಳು. ಆ ಶಾಲೆಯಲ್ಲಿ ಸುರಕ್ಷಿತ ಕೋಣೆ ಇರಲಿಲ್ಲ.

ಸುಂಟರಗಾಳಿಗೆ ಹೆಸರಾದ ಸೀಮೆಯಲ್ಲಿ ನೆಲಮಾಳಿಗೆ ಇರುವ ಮನೆಗಳೇ ಕಡಿಮೆ ಎಂಬುದು ಹೊರಗಿನವರಿಗೆ ವಿಚಿತ್ರವೆನಿಸುತ್ತದೆ. ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ನೆಲ ಆಳದವರೆಗೆ ಹೆಪ್ಪುಗಟ್ಟುವುದರಿಂದ ಪಾಯವನ್ನು ಹೇಗಿದ್ದರೂ ಆಳಕ್ಕೆ ತೋಡಬೇಕು. ತೋಡಿದ ಮೇಲೆ ಅಲ್ಲೊಂದು ಕೋಣೆ ಮಾಡಿಕೊಳ್ಳುವುದು ದೊಡ್ಡ ಖರ್ಚಲ್ಲ. ದಕ್ಷಿಣ ಬಯಲಿನಲ್ಲಿ ಆ ಅಗತ್ಯವಿಲ್ಲ. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಜೇಡಿಮಣ್ಣು ಬೇರೆ ಗೋಡೆ ಬಿರುಕು ಬಿಡಿಸುತ್ತದೆ. ಹಾಗಾಗಿ ಮನೆಗಳು ನೆಲದ ಮೇಲೆ ಹಾಸಿದ ಕಾಂಕ್ರೀಟಿನ ಮೇಲೇ ಕೂತಿವೆ. ಈಗ ಗ್ಯಾರೇಜಿನ ನೆಲ ಕತ್ತರಿಸಿ ಉಕ್ಕಿನ ಪೆಟ್ಟಿಗೆಯೊಂದನ್ನು ಹೂಳಿ ಮೇಲೆ ಜಾರುವ ಬಾಗಿಲು ಇಡುವ ಪದ್ಧತಿ ಬಂದಿದೆ. ಅದರ ಮೇಲೆ ಕಾರು ನಿಲ್ಲಿಸಬಹುದು. ಕಾರಿನಡಿಯಿಂದಲೇ ನುಸುಳಿ ಒಳಗಿಳಿಯಬಹುದು. 2014ರಲ್ಲಿ ಮೂರ್ ನಗರಾಡಳಿತ ಹೊಸ ಮನೆಗಳು ಗಂಟೆಗೆ 217 ಕಿಲೋಮೀಟರ್ ಗಾಳಿಯನ್ನು ತಡೆಯುವಂತಿರಬೇಕೆಂದು ನಿಯಮ ಮಾಡಿತು. ಚಾವಣಿಯನ್ನು ಗೋಡೆಗೂ ಗೋಡೆಯನ್ನು ಪಾಯಕ್ಕೂ ಲೋಹದ ಪಟ್ಟಿಗಳಿಂದ ಬಿಗಿಯುವುದು, ಗ್ಯಾರೇಜಿನ ಬಾಗಿಲನ್ನು ಗಟ್ಟಿ ಮಾಡುವುದು ಅದರ ತಿರುಳು. ಗ್ಯಾರೇಜಿನ ಬಾಗಿಲು ಒಳಗೆ ಕುಸಿದರೆ ಗಾಳಿ ಮನೆಯೊಳಗೆ ತುಂಬಿಕೊಂಡು ಚಾವಣಿಯನ್ನು ಎತ್ತಿಹಾಕುತ್ತದೆ. ದುಬಾರಿಯಲ್ಲದ ಈ ನಿಯಮವನ್ನು ಅಕ್ಕಪಕ್ಕದ ಎಲ್ಲ ಊರುಗಳೂ ಇನ್ನೂ ಮಾಡಿಕೊಂಡಿಲ್ಲ ಎಂಬುದೇ ಸೋಜಿಗ.

ಸುರಕ್ಷಿತ ಕೋಣೆ ಇಲ್ಲದವರಿಗೆ ಉಳಿಯುವುದು ಮನೆಯ ನಟ್ಟನಡುವಿನ ಕಿಟಕಿಯಿಲ್ಲದ ಬಚ್ಚಲು ಅಥವಾ ಮೆಟ್ಟಿಲಡಿಯ ಬಟ್ಟೆಕೋಣೆ. ಡಲ್ಲಾಸ್ ಸುತ್ತಲಿನ ಪ್ಲೇನೊ, ಫ್ರಿಸ್ಕೊ, ಅರ್ವಿಂಗ್‌ಗಳಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳೂ ವಸಂತದ ರಾತ್ರಿಗಳಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ಸೇರುವುದು ಅಲ್ಲಿಗೇ. ಕಾಲಿಗೆ ಶೂ, ತಲೆಗೆ ಸೈಕಲ್ ಹೆಲ್ಮೆಟ್, ಕೈಯಲ್ಲಿ ಚಾರ್ಜ್ ಮಾಡಿದ ಫೋನು, ಮೇಲೊಂದು ಹಾಸಿಗೆ. ಶೂ ಏಕೆಂದರೆ, ಬದುಕಿ ಹೊರಬಂದ ಮೇಲೆ ನಡೆಯಬೇಕಾದದ್ದು ಗಾಜು ಮತ್ತು ಮೊಳೆಗಳ ಮೇಲೆ.

ಮಾಡಬಾರದ್ದು ಎಂದರೆ ಕಾರು ಹತ್ತುವುದು. 1979ರ ಏಪ್ರಿಲ್ 10ರಂದು ಟೆಕ್ಸಾಸಿನ ವಿಚಿಟಾ ಫಾಲ್ಸ್‌ನಲ್ಲಿ ಸತ್ತ 42 ಜನರಲ್ಲಿ 25 ಮಂದಿಯ ಸಾವು ವಾಹನಗಳಿಗೆ ಸಂಬಂಧಿಸಿದ್ದು. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿ 4.2 ಕಿಲೋಮೀಟರ್ ಅಗಲದ ಸುಂಟರಗಾಳಿ ಇಳಿದಾಗ, ಹನ್ನೊಂದೇ ದಿನದ ಹಿಂದಿನ ಮೂರ್ ದುರಂತ ಕಣ್ಣಮುಂದಿದ್ದ ಸಾವಿರಾರು ಜನ ಊರು ಬಿಟ್ಟು ಓಡಲು ಹೊರಟು ಹೆದ್ದಾರಿಗಳಲ್ಲಿ ಸಿಕ್ಕಿಕೊಂಡರು. ಅದು ಅವರ ಕಡೆಗೇ ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಲೂ ಅಂಜಿಕೆಯಾಗುತ್ತದೆ. ಅಂದು ಸತ್ತವರಲ್ಲಿ ಅನುಭವಿ ಸಂಶೋಧಕ ಟಿಮ್ ಸಮಾರಸ್, ಅವರ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಸೇರಿದ್ದಾರೆ. ದಾಖಲಾದವುಗಳಲ್ಲೆಲ್ಲ ಅತಿ ಅಗಲದ ಆ ಸುಂಟರಗಾಳಿಗೆ ಸಿಕ್ಕ ಶ್ರೇಣಿ ಮಾತ್ರ ಐದರಲ್ಲಿ ಮೂರು. ಶ್ರೇಣಿ ಕೊಡುವುದು ಕೆಡವಿದ ಕಟ್ಟಡಗಳನ್ನು ನೋಡಿ. ಅದು ಓಡಾಡಿದ್ದು ಬಹುಪಾಲು ಬರಿ ಹೊಲಗಳಲ್ಲಿ.

ಸುಂಟರಗಾಳಿ ನೇರವಾಗಿ ತಾಗುವ ಮನೆಗಳು ಕೆಲವೇ. ಆಲಿಕಲ್ಲು ಯಾರನ್ನೂ ಬಿಡುವುದಿಲ್ಲ. 1995ರ ಮೇ 5ರಂದು ಫೋರ್ಟ್‌ವರ್ತ್‌ನಲ್ಲಿ ನದಿದಂಡೆಯ ಬಯಲಿನಲ್ಲಿ ನಡೆಯುತ್ತಿದ್ದ ಉತ್ಸವದ ಮೇಲೆ ಅಂಗೈ ತುಂಬುವ ಗಾತ್ರದ ಕಲ್ಲುಗಳು ಬಿದ್ದು ನೂರರಷ್ಟು ಜನ ಗಾಯಗೊಂಡರು. 2021ರಲ್ಲಿ ಟೆಕ್ಸಾಸಿನ ಹೊಂಡೊದಲ್ಲಿ ಸಿಕ್ಕ ಕಲ್ಲೊಂದು 16 ಸೆಂಟಿಮೀಟರ್ ಅಡ್ಡಳತೆಯದು. ಇಂಥ ಹಾನಿಯಾದರೆ ಮನೆಯ ವಿಮಾ ಮೌಲ್ಯದ ಶೇಕಡಾ ಒಂದೆರಡರಷ್ಟು ನಷ್ಟವನ್ನು ಮಾಲೀಕರೇ ಹೊರಬೇಕು ಎಂಬ ಷರತ್ತು ಇಲ್ಲಿ ಸಾಮಾನ್ಯ. ಮಳೆ ನಿಂತ ಮರುದಿನವೇ ಚಾವಣಿ ರಿಪೇರಿಯವರು ಮನೆಮನೆಯ ಬಾಗಿಲು ತಟ್ಟುತ್ತಾರೆ; ಅವರಲ್ಲಿ ಮುಂಗಡ ಇಸಿದುಕೊಂಡು ಕಾಣೆಯಾಗುವವರೂ ಇರುತ್ತಾರೆ.

ಗಾಳಿಮಳೆಯ ಕತೆ ಗಂಟೆಗಳದು, ಬರದ ಕತೆ ವರ್ಷಗಳದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಗೋಧಿಗೆ ಒಳ್ಳೆಯ ಬೆಲೆ ಬಂತು. ಮಣ್ಣನ್ನು ಹಿಡಿದಿಟ್ಟಿದ್ದ ಗಿಡ್ಡ ಹುಲ್ಲನ್ನು ಟ್ರ್ಯಾಕ್ಟರುಗಳು ಕಿತ್ತು ಹಾಕಿದವು. 1930ರ ದಶಕದಲ್ಲಿ ಮಳೆ ಕೈಕೊಟ್ಟಾಗ ಬೆತ್ತಲಾದ ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರ ಭಾನುವಾರ ಬಂದ ಕರಿ ಧೂಳಿನ ಗೋಡೆ ಹಗಲನ್ನೇ ನುಂಗಿತು. ಅದೇ ತಿಂಗಳ 27ರಂದು ಮಣ್ಣು ಸಂರಕ್ಷಣಾ ಕಾಯ್ದೆಗೆ ಸಹಿ ಬಿತ್ತು; ಹ್ಯೂ ಹ್ಯಾಮಂಡ್ ಬೆನೆಟ್ ಹೊಸ ಇಲಾಖೆಯ ಮುಖ್ಯಸ್ಥರಾದರು. ಸಮಪಾತಳಿ ಉಳುಮೆ, ಕೊಯ್ಲಾದ ಮೇಲೆ ಕೂಳೆಯನ್ನು ಉಳದೆ ಬಿಡುವುದು, ಗಾಳಿಗೆ ಅಡ್ಡಲಾಗಿ ಮರಸಾಲು ಬೆಳೆಸುವುದು ಅಂದಿನಿಂದ ರೂಢಿಗೆ ಬಂದವು. 1950ರ ದಶಕದ ಬರ, 2011ರ ಬರ ಎರಡೂ ಭೀಕರವಾಗಿದ್ದರೂ ಆ ಮಟ್ಟದ ಧೂಳು ಮತ್ತೆ ಏಳಲಿಲ್ಲ. ಒಗಲಾಲ ಅಂತರ್ಜಲವನ್ನು ಎತ್ತತೊಡಗಿದ್ದೂ ಅದಕ್ಕೊಂದು ಕಾರಣ. ಆ ನೀರು ಟೆಕ್ಸಾಸ್, ಕಾನ್ಸಾಸ್‌ಗಳ ಹಲವೆಡೆ ಈಗ ತಳ ಕಾಣುತ್ತಿದೆ. 2011ರಲ್ಲಿ ಆರಂಭವಾದ ಬರ ಪೂರ್ತಿ ತೊಲಗಿದ್ದು 2015ರ ಮೇ ತಿಂಗಳಲ್ಲಿ. ಟೆಕ್ಸಾಸ್, ಒಕ್ಲಹೋಮಾ ಎರಡೂ ರಾಜ್ಯಗಳ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯಾದ ಆ ತಿಂಗಳು ಬರವನ್ನು ನೆರೆಯಿಂದ ಕೊನೆಗಾಣಿಸಿತು.

ಚಳಿ ಮತ್ತು ಬೆಂಕಿ ಕೂಡ ಒಂದೇ ತಿಂಗಳಲ್ಲಿ ಬರಬಹುದು. 2021ರ ಫೆಬ್ರವರಿಯ ಶೀತಕ್ಕೆ ಟೆಕ್ಸಾಸಿನ ಅನಿಲ ಬಾವಿಗಳು, ಕೊಳವೆಗಳು, ವಿದ್ಯುತ್ ಸ್ಥಾವರಗಳು ಹೆಪ್ಪುಗಟ್ಟಿದವು. ಬಿಸಿಲಿಗೆಂದು ಕಟ್ಟಿದ ಅವುಗಳಿಗೆ ಚಳಿಯ ಹೊದಿಕೆ ಇರಲಿಲ್ಲ. ರಾಜ್ಯದ ವಿದ್ಯುತ್ ಜಾಲ ಅಕ್ಕಪಕ್ಕದ ಜಾಲಗಳಿಂದ ಬಹುತೇಕ ಬೇರ್ಪಟ್ಟಿದ್ದರಿಂದ ಹೊರಗಿನಿಂದ ತರಿಸಿಕೊಳ್ಳುವ ದಾರಿಯೂ ಕಿರಿದಾಗಿತ್ತು. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು. 2024ರ ಫೆಬ್ರವರಿ 26ರಂದು ಟೆಕ್ಸಾಸಿನ ಉತ್ತರ ತುದಿಯಲ್ಲಿ ಹತ್ತಿಕೊಂಡ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಹತ್ತು ಲಕ್ಷ ಎಕರೆಗೂ ಹೆಚ್ಚು ಹುಲ್ಲುಗಾವಲನ್ನು, ಸಾವಿರಾರು ದನಗಳನ್ನು ಸುಟ್ಟಿತು. ಮೂರು ದಿನ ಕಳೆಯುವಷ್ಟರಲ್ಲಿ ಆ ಬೂದಿಯ ಮೇಲೆ ಹಿಮ ಬಿತ್ತು.

ಮುಂದೇನು ಎಂಬುದಕ್ಕೆ ಸಿಗುವ ಉತ್ತರವೂ ನೇರವಾಗಿಲ್ಲ. ಬೇಸಿಗೆ ಇನ್ನಷ್ಟು ಕಾಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಸುಂಟರಗಾಳಿಗೆ ಅನುಕೂಲವಾದ ವಾತಾವರಣ ಕಳೆದ ನಾಲ್ಕು ದಶಕಗಳಲ್ಲಿ ಈ ಬಯಲಿನಲ್ಲಿ ಸ್ವಲ್ಪ ತಗ್ಗಿ, ಪೂರ್ವದ ಮಿಸಿಸಿಪ್ಪಿ, ಟೆನೆಸ್ಸಿ ಕಡೆ ಹೆಚ್ಚಿದೆ. ರೈತರು ಯಾವ ಮುನ್ಸೂಚನೆಗೂ ಕಾಯದೆ ಎರಡು ಕಡೆ ಕಾಲಿಟ್ಟುಕೊಂಡಿದ್ದಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗೋಧಿ ಬಿತ್ತುತ್ತಾರೆ. ಚಳಿಗಾಲವೆಲ್ಲ ಆ ಎಳೆಯ ಪೈರಿನಲ್ಲಿ ದನ ಮೇಯಿಸುತ್ತಾರೆ. ಫೆಬ್ರವರಿ ಕೊನೆಗೆ, ಕಾಂಡ ಟೊಳ್ಳಾಗಿ ತೆನೆ ಮೇಲೇಳುವ ಸೂಚನೆ ಕಂಡಾಗ, ದನ ಹೊರಗಟ್ಟುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನೆಲದಲ್ಲಿ ಹಸಿಯಿದ್ದು ಗೋಧಿಗೆ ಬೆಲೆಯಿದ್ದರೆ ಜೂನ್‌ನಲ್ಲಿ ಕೊಯ್ಲು. ಇಲ್ಲವಾದರೆ ಇಡೀ ಹೊಲ ದನಕ್ಕೇ ಮೇವು. ಬೆಳೆವಿಮೆಯ ಅರ್ಜಿ ಮಾತ್ರ ಸೆಪ್ಟೆಂಬರ್ 30ರೊಳಗೆ ಹೋಗಿರಬೇಕು.