ಲಕ್ವ ಹೊಡೆದ ಮೇಲೆ: ಎರಡು ಭಾಷೆ ಬಲ್ಲವರ ತಿಳುವಳಿಕೆ ಹೇಗೆ ಉಳಿಯಿತು?

ಲಕ್ವ ಎನ್ನಿ, ಪಾರ್ಶ್ವವಾಯು ಎನ್ನಿ, ಅರ್ಧಾಂಗವಾಯು ಎನ್ನಿ; ಹೆಸರು ಊರಿಗೊಂದು, ಬರುವ ಸಂಕಟ ಒಂದೇ. ನಿನ್ನೆಯವರೆಗೆ ಗಾದಿಯ ಮೇಲೆ ಕುಳಿತು ಮೂರು ಭಾಷೆಗಳಲ್ಲಿ ವ್ಯಾಪಾರ ಮಾಡಿದ ಹಿರಿಯರು ಇಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ, ಬಲಗೈ ಎತ್ತಲಾರದೆ ಮಲಗಿಬಿಡುತ್ತಾರೆ. ಮನೆಯವರು ಡಾಕ್ಟರರಿಗೆ ಕೇಳುವ ಮೊದಲನೆಯ ಪ್ರಶ್ನೆ "ಎದ್ದು ನಡೆಯುತ್ತಾರೆಯೇ?" ಎಂಬುದು. ಎರಡನೆಯ ಪ್ರಶ್ನೆ ಕೆಲವು ವಾರಗಳ ನಂತರ, ಸ್ವಲ್ಪ ಅಳುಕುತ್ತಲೇ ಹೊರಬರುತ್ತದೆ: "ಮೊದಲಿನ ಹಾಗೆ ನೆನಪು, ಲೆಕ್ಕ, ತಿಳುವಳಿಕೆ ಇರುತ್ತದೆಯೇ?" ವ್ಯಾಪಾರಸ್ಥರ ಮನೆಯಲ್ಲಿ ಈ ಎರಡನೆಯದೇ ಹೆಚ್ಚು ಭಾರದ ಪ್ರಶ್ನೆ. ಯಾರಿಂದ ಎಷ್ಟು ಬಾಕಿ ಬರಬೇಕು, ಯಾರ ಮಾತು ನಂಬಬಹುದು, ಯಾರಿಗೆ ಉದ್ರಿ ಕೊಡಬಾರದು ಎಂಬ ಎಷ್ಟೋ ಸಂಗತಿಗಳು ಕಿರ್ದಿ ಪುಸ್ತಕದಲ್ಲಿ ಇರುವುದಿಲ್ಲ. ಹಿರಿಯರ ತಲೆಯಲ್ಲಿ ಇರುತ್ತವೆ.

ಈ ಎರಡನೆಯ ಪ್ರಶ್ನೆಯ ಬಗೆಗೆ ಹೈದರಾಬಾದಿನಲ್ಲಿ ನಡೆದ ಸಂಶೋಧನೆಯೊಂದು ಗಡಿಯಾಚೆ ನೆಲೆಸಿದ ನಮ್ಮಂಥ ಕನ್ನಡ ಕುಟುಂಬಗಳು ತಿಳಿದಿರಬೇಕಾದದ್ದು. ಅಲ್ಲಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ಜನ ಕರೆಯುವ 'ನಿಮ್ಸ್' ಆಸ್ಪತ್ರೆಯಲ್ಲಿ ನರರೋಗ ತಜ್ಞೆಯಾಗಿದ್ದ ಡಾ. ಸುವರ್ಣಾ ಅಲ್ಲಾಡಿಯವರು, ಎಡಿನ್‌ಬರೊ ವಿಶ್ವವಿದ್ಯಾಲಯದ ಡಾ. ಥಾಮಸ್ ಬಾಕ್ ಮತ್ತು ಇತರ ಸಹೋದ್ಯೋಗಿಗಳೊಂದಿಗೆ, ಲಕ್ವ ಹೊಡೆದ 608 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಇವರಲ್ಲಿ ಒಂದೇ ಭಾಷೆ ಬಲ್ಲವರು ಯಾರು, ಎರಡು ಅಥವಾ ಹೆಚ್ಚು ಭಾಷೆಗಳಲ್ಲಿ ವ್ಯವಹರಿಸುವವರು ಯಾರು ಎಂದು ವಿಂಗಡಿಸಿ, ಲಕ್ವದ ನಂತರ ಅವರ ನೆನಪು, ಗಮನ, ವಿವೇಚನೆ ಯಾವ ಸ್ಥಿತಿಯಲ್ಲಿವೆ ಎಂದು ಹೋಲಿಸಿ ನೋಡಿದರು. ಫಲಿತಾಂಶ 2016ರಲ್ಲಿ 'ಸ್ಟ್ರೋಕ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಭಾಷೆಯವರಲ್ಲಿ ಬುದ್ಧಿಶಕ್ತಿ ಮೊದಲಿನಂತೆ ಸರಿಯಾಗಿ ಉಳಿದವರು ಶೇಕಡಾ 19.6. ಎರಡು ಭಾಷೆ ಬಲ್ಲವರಲ್ಲಿ ಶೇಕಡಾ 40.5. ಅಂದರೆ ಇಮ್ಮಡಿಗೂ ಸ್ವಲ್ಪ ಹೆಚ್ಚು.

ಎರಡು ಭಾಷೆ ಬಲ್ಲವರು ಹೆಚ್ಚು ಓದಿದವರಾಗಿರಬಹುದು, ವಯಸ್ಸು ಕಡಿಮೆ ಇರಬಹುದು, ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಕಡಿಮೆ ಇರಬಹುದು ಎಂಬ ಸಂಶಯ ಯಾರಿಗಾದರೂ ಬರುತ್ತದೆ. ಸಂಶೋಧಕರಿಗೂ ಬಂದಿತ್ತು. ಆ ಅಂಶಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. 'ಎರಡು ಭಾಷೆ ಬಲ್ಲವರು' ಎಂದರೆ ಎರಡರಲ್ಲೂ ಪರೀಕ್ಷೆ ಪಾಸಾದವರು ಎಂದಲ್ಲ. ತಮ್ಮ ನಿತ್ಯದ ಅಗತ್ಯಕ್ಕೆ ತಕ್ಕಂತೆ ಎರಡು ಭಾಷೆಗಳಲ್ಲಿ ಇತರರೊಂದಿಗೆ ಮಾತುಕತೆ ನಡೆಸಬಲ್ಲವರನ್ನು ಅವರು ದ್ವಿಭಾಷಿಗಳೆಂದು ಎಣಿಸಿದರು. ಓದು ಬರಹ ಬೇಕೆಂದಿಲ್ಲ. ಈ ಲೆಕ್ಕದಲ್ಲಿ ಸೊಲ್ಲಾಪುರದ ಸಂತೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಕನ್ನಡದಲ್ಲಿ ಸೊಸೆಗೆ ದರ ಹೇಳುವ ಅಜ್ಜಿ ಸಹ ದ್ವಿಭಾಷಿಯೇ. ಆದೋನಿಯಲ್ಲಿ ತೆಲುಗಿನವರೊಡನೆ ವ್ಯವಹಾರ ಮಾಡುವವರು, ಕಾಸರಗೋಡಿನಲ್ಲಿ ಮಲಯಾಳ, ತುಳು, ಕನ್ನಡ ಮೂರನ್ನೂ ದಿನವೂ ಬಳಸುವವರು, ಹೊಸೂರಿನಲ್ಲಿ ತಮಿಳಿನಲ್ಲಿ ಅಂಗಡಿ ನಡೆಸುವವರು, ಎಲ್ಲರೂ ಇದರಲ್ಲಿ ಬರುತ್ತಾರೆ. ಗಡಿ ಗೆರೆ ಎಳೆದವರು ನಮಗೆ ಕೊಟ್ಟ ತೊಂದರೆಗಳ ಪಟ್ಟಿ ಉದ್ದವಾಗಿದೆ. ಅದರ ಪಕ್ಕದಲ್ಲಿ ಈ ಒಂದು ಜಮೆಯನ್ನೂ ಬರೆದುಕೊಳ್ಳಬಹುದು.

ಹೀಗೇಕೆ ಆಗುತ್ತದೆ? ವಿದ್ವಾಂಸರು ಕೊಡುವ ವಿವರಣೆ ವ್ಯಾಪಾರಿಗಳಿಗೆ ಬೇಗ ಅರ್ಥವಾಗುವಂಥದು. ಎರಡು ಭಾಷೆ ಬಲ್ಲವನ ಮಿದುಳಿನಲ್ಲಿ ಅವೆರಡೂ ಸದಾ ಎಚ್ಚರವಾಗಿಯೇ ಇರುತ್ತವೆ. ಗಿರಾಕಿ ಎದುರಿಗೆ ಬಂದ ಕೂಡಲೇ ಒಂದನ್ನು ತಡೆಹಿಡಿದು ಇನ್ನೊಂದನ್ನು ಹೊರಬಿಡಬೇಕು. ಮರುಗಳಿಗೆ ಫೋನು ಬಂದರೆ ಮತ್ತೆ ಬದಲಿಸಬೇಕು. ಈ ಆಯ್ಕೆ, ಈ ತಡೆ ಜೀವಮಾನವಿಡೀ ದಿನಕ್ಕೆ ನೂರಾರು ಸಲ ನಡೆಯುವುದರಿಂದ ಗಮನ ಮತ್ತು ಹತೋಟಿಯ ನರಜಾಲ ಬಲಗೊಳ್ಳುತ್ತದೆ ಎಂದು ಅವರ ಅಭಿಪ್ರಾಯ. ಇದನ್ನು ಮಿದುಳಿನ 'ಮೀಸಲು' ಎನ್ನುತ್ತಾರೆ. ಒಂದೇ ಬಜಾರಿನ ಎರಡು ಅಂಗಡಿಗಳಿಗೆ ಸಮನಾದ ನಷ್ಟ ಬಂದಾಗ, ಮೀಸಲು ಬಂಡವಾಳ ಇದ್ದ ಅಂಗಡಿ ಬಾಗಿಲು ತೆರೆದೇ ಇರುತ್ತದೆ. ನಷ್ಟವೇನೂ ಕಡಿಮೆಯಾಗಿರುವುದಿಲ್ಲ.

ನಷ್ಟ ಕಡಿಮೆಯಾಗುವುದಿಲ್ಲ ಎಂಬ ಮಾತನ್ನು ಒತ್ತಿ ಹೇಳುತ್ತೇವೆ. ಭಾಷೆ ಎಷ್ಟು ಬಂದರೂ ಲಕ್ವ ಹೊಡೆಯುವುದು ತಪ್ಪುತ್ತದೆಂದು ಈ ಸಂಶೋಧನೆ ಹೇಳಿಲ್ಲ. ಅದನ್ನು ತಪ್ಪಿಸುವ ಮುಖ್ಯ ದಾರಿ ಬಿ.ಪಿ.ಯನ್ನು ಹತೋಟಿಯಲ್ಲಿ ಇಡುವುದು. ಉಪವಾಸ, ಏಕಾಶನದ ದಿನಗಳಲ್ಲಿ ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಯಾವಾಗ, ಹೇಗೆ ತೆಗೆದುಕೊಳ್ಳಬೇಕೆಂದು ಪರ್ವ ಆರಂಭವಾಗುವ ಮೊದಲೇ ಡಾಕ್ಟರರನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು, ತಾವೇ ನಿಲ್ಲಿಸಬಾರದು. ಇನ್ನು ಬಾಯಿ ಸೊಟ್ಟಗಾಯಿತು, ಒಂದು ಕೈ ಸೋತಿತು, ಮಾತು ತೊದಲಿತು ಎಂದರೆ ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ, 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ನೀರು ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ರಕ್ತ ಹೆಪ್ಪುಗಟ್ಟಿದೆಯೋ ರಕ್ತಸ್ರಾವವಾಗಿದೆಯೋ ಸ್ಕ್ಯಾನ್ ಆಗದೆ ಯಾರಿಗೂ ತಿಳಿಯುವುದಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೂರು ಗಂಟೆಯೊಳಗೆ ಕೊಟ್ಟರೆ ಫಲಕಾರಿ ಎಂದು 1995ರಲ್ಲಿ ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದ ಪ್ರಯೋಗ ತೋರಿಸಿತು. 2008ರಲ್ಲಿ ಯುರೋಪಿನ ಪ್ರಯೋಗ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಅಂಗಡಿ ಮುಚ್ಚಿ, ನೆಂಟರನ್ನು ಕೇಳಿ, ಎಣ್ಣೆ ತಿಕ್ಕುವವರನ್ನು ಕರೆಸುವಷ್ಟರಲ್ಲಿ ಈ ಅವಧಿ ಮುಗಿದಿರುತ್ತದೆ.

ಈಗ ಮತ್ತೆ ಹೈದರಾಬಾದಿಗೆ. ಈ ವಿಚಾರ ಅಲ್ಲಿ ಹುಟ್ಟಿದ್ದಲ್ಲ. ಕೆನಡಾದ ಟೊರಾಂಟೊದಲ್ಲಿ 2007ರಲ್ಲಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 184 ಮರೆಗುಳಿ ರೋಗಿಗಳನ್ನು ಅಧ್ಯಯನ ಮಾಡಿ, ದ್ವಿಭಾಷಿಗಳಲ್ಲಿ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಕಾಣಿಸಿಕೊಂಡಿದೆ ಎಂದರು. ಅದಕ್ಕೆ ಬಂದ ದೊಡ್ಡ ಆಕ್ಷೇಪವೆಂದರೆ, ಕೆನಡಾದಲ್ಲಿ ಎರಡು ಭಾಷೆ ಬಲ್ಲವರು ಬಹುಮಟ್ಟಿಗೆ ವಲಸೆ ಬಂದವರು. ವಲಸೆ ಹೋಗುವವರು ಮೊದಲಿನಿಂದಲೇ ಗಟ್ಟಿಗರಿರಬಹುದಲ್ಲ? ಹೈದರಾಬಾದಿನಲ್ಲಿ ಈ ಆಕ್ಷೇಪಕ್ಕೆ ಬಲವಿಲ್ಲ. ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಅಲ್ಲಿ ಒಂದೇ ಬೀದಿಯಲ್ಲಿ ಓಡಾಡುತ್ತವೆ, ಎರಡು ಭಾಷೆ ಕಲಿಯಲು ಯಾರೂ ದೇಶ ಬಿಡಬೇಕಿಲ್ಲ. 2013ರಲ್ಲಿ ಡಾ. ಅಲ್ಲಾಡಿಯವರ ತಂಡ 648 ಮರೆಗುಳಿ ರೋಗಿಗಳನ್ನು ನೋಡಿದಾಗ ದ್ವಿಭಾಷಿಗಳಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಆದ್ದರಿಂದ ಇದು ಶಾಲೆಯ ಫಲವೆಂದು ತಳ್ಳಿಹಾಕುವಂತಿಲ್ಲ. ಎರಡರ ಮೇಲೆ ಮೂರನೆಯದು, ನಾಲ್ಕನೆಯದು ಬಂದರೆ ಇನ್ನಷ್ಟು ಲಾಭ ಎಂಬುದು ಮಾತ್ರ ಕಂಡುಬರಲಿಲ್ಲ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ. 2014ರಲ್ಲಿ ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ಮಾತನಾಡುವ ಸಾವಿರಕ್ಕೂ ಹೆಚ್ಚು ವೃದ್ಧ ವಲಸಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಬಲ್ಲವರಿಗೆ ಮರೆಗುಳಿ ರೋಗ ಕಡಿಮೆ ಬರಲಿಲ್ಲ. ಹೈದರಾಬಾದಿನದು ಆಸ್ಪತ್ರೆಗೆ ಬಂದವರ ದಾಖಲೆ. ಬರದೆ ಉಳಿದವರ ವಿಷಯ ಅದರಿಂದ ತಿಳಿಯುವುದಿಲ್ಲ. ಔಷಧದ ಪ್ರಯೋಗದಂತೆ ಅರ್ಧ ಜನರಿಗೆ ಎರಡನೆಯ ಭಾಷೆ ಕೊಟ್ಟು ಉಳಿದವರಿಗೆ ಕೊಡದೆ ನೋಡುವಂತೆಯೂ ಇಲ್ಲ. ಹೀಗಾಗಿ ಇದು ಗಟ್ಟಿಯಾದ ಸುಳಿವು, ಕೊನೆಯ ತೀರ್ಪಲ್ಲ. ಈ ಸುದ್ದಿ ಹಿಡಿದುಕೊಂಡು 'ಮಿದುಳು ಚುರುಕು ಮಾಡುವ ಭಾಷಾ ಕೋರ್ಸು' ಮಾರಲು ಯಾರಾದರೂ ಬಂದರೆ ಹಣ ಜೇಬಿನಲ್ಲೇ ಇರಲಿ.

ಮಾತೇ ಹೋದಾಗ

ಅದೇ 608 ರೋಗಿಗಳಲ್ಲಿ ಮಾತು ಕಳೆದುಕೊಂಡವರ ಪ್ರಮಾಣ ಎರಡು ಗುಂಪಿನಲ್ಲೂ ಹೆಚ್ಚು ಕಡಿಮೆ ಸಮನಾಗಿತ್ತು: ಒಂದು ಭಾಷೆಯವರಲ್ಲಿ ಶೇಕಡಾ 11.8, ಎರಡು ಭಾಷೆಯವರಲ್ಲಿ ಶೇಕಡಾ 10.5. ಇದನ್ನು ವೈದ್ಯರು ಅಫೇಸಿಯಾ ಎನ್ನುತ್ತಾರೆ. ನಾಲಿಗೆಗೆ ಶಕ್ತಿ ಇದ್ದರೂ ಪದ ಸಿಗುವುದಿಲ್ಲ. ಕೆಲವರಿಗೆ ಕೇಳಿದ್ದು ಅರ್ಥವಾಗುವುದಿಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಸಾಮಾನ್ಯವಾಗಿ ಹೀಗಾಗುತ್ತದೆ, ಬಲಗೈ ಸೋಲುವುದೂ ಆಗಲೇ.

ಎರಡು ಮೂರು ಭಾಷೆ ಬಲ್ಲವರಿಗೆ ಯಾವುದು ಮೊದಲು ಮರಳುತ್ತದೆ? ಫ್ರಾನ್ಸಿನ ಥಿಯೋಡ್ಯೂಲ್ ರಿಬೋ 1880ರ ದಶಕದಲ್ಲಿ, ಮೊದಲು ಕಲಿತದ್ದೇ ಕೊನೆಯವರೆಗೆ ಉಳಿಯುತ್ತದೆ ಎಂದಿದ್ದರು. 1895ರಲ್ಲಿ ಅದೇ ದೇಶದ ವೈದ್ಯ ಆಲ್ಬರ್ಟ್ ಪಿತ್ರ್, ಕಾಯಿಲೆಗೆ ಮುಂಚೆ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂದರು. ಮುಂದೆ ರೋಗಿಗಳನ್ನು ನೋಡುತ್ತ ಹೋದಂತೆ ಬಹುತೇಕರಲ್ಲಿ ಭಾಷೆಗಳು ಜೊತೆಜೊತೆಯಾಗಿಯೇ ಸುಧಾರಿಸುತ್ತವೆ ಎಂದು ಕಂಡುಬಂತು; ಕೆಲವರಲ್ಲಿ ಮಾತ್ರ ಒಂದು ಬಂದು ಇನ್ನೊಂದು ಹಿಂದೆ ಉಳಿಯುತ್ತದೆ, ಮತ್ತೆ ಕೆಲವರು ಎರಡನ್ನೂ ಬೆರೆಸಿ ಆಡುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡಿದ ಕಾಕಾ ಎದ್ದು ಕುಳಿತಾಗ ಹೆಂಡತಿಗೆ ಮರಾಠಿಯಲ್ಲಿ ಉತ್ತರಿಸಿದರೆ ಅದು ಕಾಯಿಲೆಯ ಒಂದು ರೀತಿ. ಅದಕ್ಕೆ ನಗುವುದೂ ಬೇಡ, ನೊಂದುಕೊಳ್ಳುವುದೂ ಬೇಡ.

ಇನ್ನೊಂದು ಸಂಗತಿ ನಮ್ಮ ಮನೆಗಳಲ್ಲಿ ತಪ್ಪು ತಿಳುವಳಿಕೆಗೆ ಕಾರಣವಾಗುತ್ತದೆ. ಒಂದು ಲೋಟ ನೀರು ಕೇಳಲಾರದ ರೋಗಿ ಒಂದರಿಂದ ಹತ್ತರವರೆಗೆ ಎಣಿಸಬಹುದು, ವಾರದ ಹೆಸರುಗಳನ್ನು ಹೇಳಬಹುದು, ಬಾಲ್ಯದಿಂದ ಬಾಯಿಪಾಠವಾದ ಣಮೋಕಾರ ಮಂತ್ರವನ್ನು ಸರಾಗವಾಗಿ ಹೇಳಬಹುದು. ಸಾವಿರಾರು ಸಲ ಹೇಳಿ ರೂಢಿಯಾದದ್ದು ಮಿದುಳಿನಲ್ಲಿ ಬೇರೆ ಬಗೆಯಲ್ಲಿ ಉಳಿದಿರುತ್ತದೆ. ಹೊಸ ವಾಕ್ಯ ಕಟ್ಟುವ ಶಕ್ತಿ ಬೇರೆ. "ಮಂತ್ರ ಬರುತ್ತದೆ, ನಮ್ಮೊಡನೆ ಮಾತನಾಡಲು ಮಾತ್ರ ಹಠ" ಎಂದು ರೋಗಿಯ ಎದುರಿಗೇ ಅನ್ನುವವರಿದ್ದಾರೆ. ಆ ಮಾತು ಅವರಿಗೆ ಅರ್ಥವಾಗುತ್ತಿರಬಹುದು.

ನಮ್ಮ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಪರೀಕ್ಷೆಯ ಭಾಷೆ. ಲಕ್ವದ ನಂತರ ಡಾಕ್ಟರರು ನೆನಪು, ಲೆಕ್ಕ, ವಸ್ತುಗಳ ಹೆಸರು ಇತ್ಯಾದಿ ಪರೀಕ್ಷಿಸುತ್ತಾರೆ. ಮನಸ್ಸಿನಲ್ಲಿ ಕನ್ನಡದಲ್ಲೇ ಲೆಕ್ಕ ಮಾಡುವವರನ್ನು ಇಂಗ್ಲಿಷಿನಲ್ಲೋ ರಾಜ್ಯಭಾಷೆಯಲ್ಲೋ ಪರೀಕ್ಷಿಸಿದರೆ ಇದ್ದ ಬುದ್ಧಿಗಿಂತ ಕಡಿಮೆ ಅಂಕ ಬರುತ್ತದೆ. ಆ ಅಂಕದ ಮೇಲೆ 'ಮರೆಗುಳಿ' ಎಂದು ಚೀಟಿಯಲ್ಲಿ ಬರೆದರೆ, ಮುಂದೆ ಬ್ಯಾಂಕಿನ ಸಹಿ, ಪಾಲುದಾರಿಕೆ, ಮೃತ್ಯುಪತ್ರದವರೆಗೂ ಅದರ ನೆರಳು ಬೀಳುತ್ತದೆ. ಇದಕ್ಕೆ ಉಪಾಯವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಥ ಪರೀಕ್ಷೆಗಳ ಒಂದು ಗುಚ್ಛವನ್ನು ಮೊದಲ ಹಂತದಲ್ಲಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳ ಮತ್ತು ಕನ್ನಡದಲ್ಲಿ ಸಿದ್ಧಪಡಿಸಿದೆ, ಡಾ. ಅಲ್ಲಾಡಿಯವರು ಮುಂದೆ ಸೇರಿದ ಬೆಂಗಳೂರಿನ ನಿಮ್ಹಾನ್ಸ್ ಸಹ ಆ ಕೆಲಸದಲ್ಲಿ ಪಾಲ್ಗೊಂಡಿತ್ತು. ಮಾತು ಹೋದವರ ಪರೀಕ್ಷೆಯೂ ಕನ್ನಡದಲ್ಲಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಬಗೆಗೆ ಬಹುಕಾಲದಿಂದ ಕೆಲಸ ನಡೆದಿದೆ.

ಮಕ್ಕಳ ವಿಷಯಕ್ಕೆ ಬಂದರೆ, ಇಂಗ್ಲಿಷ್ ಶಾಲೆಗೆ ಹಾಕಿದ ಮೇಲೆ ಮನೆಯಲ್ಲಿ ಕನ್ನಡ ಬಿಡಿಸುವ ತಾಯಂದಿರು ಹೇಳುವ ಕಾರಣ, ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತದೆ ಎಂಬುದು. ಪಾಶ್ಚಾತ್ಯ ಪಂಡಿತರೂ ಹಿಂದೆ ಹಾಗೆಯೇ ನಂಬಿದ್ದರು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೆಸ್ ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ ಎರಡು ಭಾಷೆ ಬಲ್ಲ ಮಕ್ಕಳೇ ಮುಂದಿದ್ದರು. ಒಂದನ್ನು ಕೂಡಿಸಿ ಇನ್ನೊಂದನ್ನು ಕಳೆದರೆ ಖಾತೆಯಲ್ಲಿ ಉಳಿಯುವುದು ಒಂದೇ ಎಂಬುದು ವ್ಯಾಪಾರಸ್ಥರಿಗೆ ನಾವು ಹೇಳಿಕೊಡಬೇಕಾದ ಲೆಕ್ಕವಲ್ಲ. ಅಜ್ಜನೊಡನೆ ಕನ್ನಡದಲ್ಲಿ ಮಾತನಾಡುವ ಮೊಮ್ಮಗ, ನಾಳೆ ಅಜ್ಜನಿಗೆ ಮಾತು ಸಿಗದೆ ತಡಕಾಡುವಾಗ ಆ ಪದ ಎತ್ತಿಕೊಡಬಲ್ಲನು. ವಾಕ್ ಚಿಕಿತ್ಸಕರು ಮನೆಯವರಿಗೆ ಹಚ್ಚುವ ಕೆಲಸವೂ ಬಹುಮಟ್ಟಿಗೆ ಅದೇ: ನಿಧಾನವಾಗಿ, ಚಿಕ್ಕ ವಾಕ್ಯದಲ್ಲಿ, ರೋಗಿಯ ಭಾಷೆಯಲ್ಲಿ ಮಾತನಾಡಿ, ಉತ್ತರಕ್ಕೆ ಕಾಯುವುದು.

ಮನೆಯ ಹಿರಿಯರ ಆಸ್ಪತ್ರೆ ಫೈಲಿನ ಮೊದಲ ಹಾಳೆಯಲ್ಲಿ, ಬಿ.ಪಿ. ಮಾತ್ರೆಗಳ ಹೆಸರಿನ ಕೆಳಗೆ, ಮೂರು ಸಾಲು ಈಗಲೇ ಬರೆದಿಡಿ: ಮನೆಯಲ್ಲಿ ಆಡುವ ಭಾಷೆ, ಅಂಗಡಿಯಲ್ಲಿ ಆಡುವ ಭಾಷೆ, ಓದಿ ಬರೆದು ಲೆಕ್ಕ ಮಾಡುವ ಭಾಷೆ. ಯಾವ ಕೈಯಲ್ಲಿ ಬರೆಯುತ್ತಾರೆ ಎಂಬುದನ್ನೂ ಸೇರಿಸಿ. ನರರೋಗ ತಜ್ಞರು ಅದನ್ನು ಕೇಳಿಯೇ ಕೇಳುತ್ತಾರೆ.